ಅಕ್ಕ ಇಟ್ಟ ಇಂಟರ್‌ವಲ್

ಹಾಲಿವುಡ್‌ನವರು ತಮ್ಮ ಚಿತ್ರಗಳಲ್ಲಿ ಇಂಟರ್‌ವಲ್ ಇಡುವುದಿಲ್ಲ. ನೋಡುವವರಿಗೆ ಹಸಿವು, ಬಾಯಾರಿಕೆ, ಇನ್ನಿತರ ಅವಸರಗಳು ಇರುವುದೇ ಇಲ್ಲವೇನೋ ಅನ್ನುವಂತೆ ಶುರುವಿನಿಂದ ಕೊನೆಯವರೆಗೆ ಒಂದೇ ಉಸಿರಿಗೆ ಓಡಿಸಿಬಿಡುತ್ತಾರೆ. ನಮ್ಮ ಟಾಕೀಸಿನಲ್ಲಿ ಅದು ನಡೆಯುವುದಿಲ್ಲ. ಮೊದಲು ಜನ ಗೊಣಗುತ್ತಾರೆ, ಆಮೇಲೆ ಕ್ಯಾಂಟೀನು ನಡೆಸುವ ನಮ್ಮ ಭಾವ ಭೂಮಿ ಆಕಾಶ ಒಂದು ಮಾಡುತ್ತಾರೆ. ಹಾಗಾಗಿ ಚಿತ್ರವನ್ನು ಎಲ್ಲೋ ಒಂದು ಕಡೆ ನಾವೇ ತುಂಡು ಮಾಡಬೇಕು. ಎಲ್ಲಿ ಅನ್ನುವುದನ್ನು ಇಷ್ಟು ವರ್ಷ ಹೇಳುತ್ತಿದ್ದವಳು ನಮ್ಮಕ್ಕ. ಅವಳು ಇಲ್ಲಿನ ಆಪರೇಟರ್. ಮೇಲಿನ ಕೋಣೆಯಲ್ಲಿ ಯಂತ್ರದ ಪಕ್ಕ ಅವಳ ಕುರ್ಚಿ. ಕೆಳಗೆ ಬಾಗಿಲಲ್ಲಿ ಟಿಕೆಟ್ ಹರಿದು, ಟಾರ್ಚ್ ಹಿಡಿದು ಜನರನ್ನು ಕೂರಿಸುವವಳು ನಾನು. ಟಾಕೀಸು ನಮ್ಮ ಸೋದರಮಾವನದು.

ಭಾವ, ಅಂದರೆ ಅಕ್ಕನ ಗಂಡ, ಮಾವನ ಕಿವಿ ಊದಿದ್ದು ಈ ಇಂಟರ್‌ವಲ್ ವಿಷಯಕ್ಕೇ. ಅಕ್ಕ ಒಂದು ಚಿತ್ರಕ್ಕೆ ಬೇಗ ಬಿಡುತ್ತಾಳೆ, ಇನ್ನೊಂದಕ್ಕೆ ತಡವಾಗಿ ಬಿಡುತ್ತಾಳೆ. ಅಷ್ಟರಲ್ಲಿ ಕಾಫಿ ಆರಿರುತ್ತದೆ, ಪಾಪ್‌ಕಾರ್ನ್ ಮೆತ್ತಗಾಗಿರುತ್ತದೆ. ಸರಿಯಾಗಿ ಅರ್ಧಕ್ಕೆ ನಿಲ್ಲಿಸಿ ಅಂದರೆ ಯಂತ್ರವೇ ನಿಲ್ಲಿಸುತ್ತದಲ್ಲ, ಅದಕ್ಕೊಬ್ಬರು ತಲೆ ಕೆಡಿಸಿಕೊಳ್ಳಬೇಕಾ ಅನ್ನುವುದು ಅವರ ವಾದ.

"ಎಲ್ಲಾ ಒಂದೇ ಮಾವ," ಅಂದಿದ್ದರು. "ಓಡ್ತಾರೆ, ಹೊಡೀತಾರೆ, ಏನೋ ಒಂದು ಢಮಾರ್ ಅನ್ನುತ್ತೆ. ಎಲ್ಲಿ ಕತ್ತರಿಸಿದರೇನು?"

ಭಾವ ಇಷ್ಟು ವರ್ಷದಲ್ಲಿ ಒಂದು ಚಿತ್ರವನ್ನೂ ಕೂತು ನೋಡಿದವರಲ್ಲ. ಗೋಡೆಯ ಆಚೆ ಬೆನ್ನು ಮಾಡಿ ನಿಂತು ಕೇಳಿದ್ದಷ್ಟೇ. ಅಂಥವರ ಮಾತಿಗೆ ಮಾವ ತಲೆದೂಗಿದ್ದು ನೋಡಿ ನನಗೆ ಮೈ ಉರಿದುಹೋಯಿತು.

ಹೊಸ ಚಿತ್ರ ಬಂದ ದಿನ ಬೆಳಗಿನ ಆಟಕ್ಕೆ ಮಾವನೇ ಮೇಲೆ ಹತ್ತಿ, ಚಿತ್ರದ ನಟ್ಟನಡುವೆ ಗುರುತು ಹಾಕಿ ಬಂದರು. ಎಂಥ ಚಿತ್ರ ಅಂತೀರಿ! ಹಿಮದ ಬೆಟ್ಟ, ಎರಡು ಶಿಖರಗಳ ನಡುವೆ ತಂತಿಯ ಮೇಲೆ ಓಡಾಡುವ ತೊಟ್ಟಿಲಿನಂಥ ಗಾಡಿ. ಅದನ್ನು ರಿಪೇರಿ ಮಾಡುವವಳೇ ನಾಯಕಿ, ಒಬ್ಬ ತಾಯಿ. ಬೂದು ಕೋಟಿನ ದುಷ್ಟನೊಬ್ಬ ಮಕ್ಕಳು ಕೂತ ಗಾಡಿಯನ್ನು ಕಣಿವೆಯ ಮಧ್ಯೆ ನಿಲ್ಲಿಸಿಬಿಡುತ್ತಾನೆ, ಅದರಲ್ಲಿ ಅವಳ ಮಗಳೂ ಇರುತ್ತಾಳೆ. ತಾಯಿ ಕೈಯಲ್ಲೊಂದು ಸ್ಪ್ಯಾನರ್ ಹಿಡಿದು ಆ ತಂತಿಯ ಮೇಲೆ ತೆವಳುತ್ತಾ ಹೊರಟಳು ನೋಡಿ, ಟಾರ್ಚ್ ಹಿಡಿದ ನನ್ನ ಅಂಗೈ ಒದ್ದೆಯಾಯಿತು. ಕೊನೆಗೆ ಬೂದು ಕೋಟು ಕಣಿವೆಗೆ ಬಿತ್ತು. ತಾಯಿ ಮಗಳನ್ನು ತಬ್ಬಿಕೊಂಡಳು. ಸೂರ್ಯ ಹುಟ್ಟಿದ, ಸಂಗೀತ ಉಕ್ಕಿತು. ಸರಿಯಾಗಿ ಅಲ್ಲಿಗೆ ಯಂತ್ರ ನಿಂತು ದೀಪ ಹತ್ತಿಕೊಂಡಿತು.

ಜನ ಚಪ್ಪಾಳೆ ತಟ್ಟಿದರು, ಎದ್ದರು, ಮನೆಗೆ ಹೋದರು.

ಬಾಗಿಲಲ್ಲಿ ಒಬ್ಬರು ನನ್ನ ಹತ್ತಿರ, "ಚಿಕ್ಕದಾಗಿ ಚೊಕ್ಕದಾಗಿದೆಯಮ್ಮ, ಎಳೆದಾಡಿಲ್ಲ," ಅಂದರು. ಅಯ್ಯೋ, ಇನ್ನೂ ಅರ್ಧ ಇದೆ ಅಂತ ಕೂಗಿಕೊಂಡರೂ ಕೇಳಿಸಿಕೊಳ್ಳುವವರಿಲ್ಲ. ಅತ್ತ ಕಾಫಿ ಸುರಿದು ಸಾಲಾಗಿ ಜೋಡಿಸಿಟ್ಟಿದ್ದ ಭಾವ, ಜನ ತಮ್ಮೆದುರೇ ಬೀದಿಗಿಳಿಯುವುದನ್ನು ಮಿಕಿಮಿಕಿ ನೋಡುತ್ತಾ ನಿಂತಿದ್ದರು. ಉಳಿದರ್ಧ ಚಿತ್ರ ಖಾಲಿ ಕುರ್ಚಿಗಳಿಗೆ ನಡೆಯಿತು.

ಮಾವನಿಗೆ ಮುಖಭಂಗವಾದರೂ ಸೋಲೊಪ್ಪುವ ಜಾಯಮಾನವಲ್ಲ. ಅಕ್ಕನನ್ನು ಕರೆದು, "ಸಂಜೆ ಆಟಕ್ಕೆ ನೀನೇ ಇಡು," ಅಂದರು. "ಜನ ಉಳಿದರೆ ಇನ್ಯಾರೂ ನಿನ್ನ ತಂಟೆಗೆ ಬರಲ್ಲ. ಬೆಳಗಿನ ಹಾಗೆ ಎದ್ದು ಹೋದರೆ ಮಾತ್ರ ಇನ್ನು ಮೇಲೆ ಅರ್ಧ ಅಂದ್ರೆ ಅರ್ಧ, ಯಂತ್ರವೇ ನೋಡ್ಕೊಳ್ಳುತ್ತೆ."

ಅಕ್ಕ ಹೂಂ ಅಂದಳು. ಮೆಟ್ಟಿಲು ಹತ್ತುವಾಗ ನನ್ನ ಹತ್ತಿರ ಮಾತ್ರ ಹೇಳಿದಳು: "ಗುಂಡಿ ಒತ್ತೋದು ಯಾರು ಬೇಕಾದರೂ ಮಾಡ್ತಾರೆ ಕಣೇ. ನನ್ನನ್ನ ಕೇಳಿ ಮಾಡೋ ಕೆಲಸ ಅಂತ ಇಲ್ಲಿರೋದು ಇದೊಂದೇ." ಅವಳ ದನಿ ಸಣ್ಣಗಾಗಿತ್ತು.

ಮಧ್ಯಾಹ್ನದ ಆಟವನ್ನು ಇಂಟರ್‌ವಲ್ಲೇ ಇಲ್ಲದೆ ಓಡಿಸಲು ಅಕ್ಕ ಮಾವನನ್ನು ಒಪ್ಪಿಸಿದಳು. ಭಾವ ಹಲ್ಲು ಕಡಿದರು. ಅವಳು ಚಿತ್ರ ಅಳೆಯುವ ಕ್ರಮವೇ ಬೇರೆ. ಪರದೆಯ ಪಕ್ಕದ ಮೆಟ್ಟಿಲ ಮೇಲೆ ಚಿತ್ರಕ್ಕೆ ಬೆನ್ನು ಹಾಕಿ ಕೂರುತ್ತಾಳೆ. ನೋಡುವುದೆಲ್ಲ ಜನರ ಮುಖ. ಯಾರ ಕಾಲು ಅಲ್ಲಾಡುತ್ತಿದೆ, ಯಾರು ಆಕಳಿಸಿದರು, ಯಾರು ಪಕ್ಕದವರ ತೋಳು ಹಿಡಿದರು, ಇದೆಲ್ಲ ಅವಳಿಗೆ ಬೇಕು. ನಾನು ಭಾವನ ಕಣ್ಣು ತಪ್ಪಿಸಿ ತಂದ ಪಾಪ್‌ಕಾರ್ನ್ ಮೆಲ್ಲುತ್ತಾ ಕೊನೆಯ ಸಾಲಿನಲ್ಲಿ ಕೂತು, ಬೆಳಿಗ್ಗೆ ನೋಡಿದ್ದನ್ನೇ ಮತ್ತೆ ಬಾಯಿ ಬಿಟ್ಟುಕೊಂಡು ನೋಡಿದೆ.

ಆಟ ಮುಗಿದ ಕೂಡಲೇ ಅಕ್ಕನ ಹಿಂದೆಯೇ ಮೇಲೆ ಓಡಿದೆ. "ಅಕ್ಕಾ, ಹಿಮದ ಗುಡ್ಡ ಕುಸಿಯುತ್ತಲ್ಲ, ಅಲ್ಲಿಡು. ಇಡೀ ಊರೇ ಮುಚ್ಚಿಹೋಗುತ್ತೆ, ಕುರ್ಚಿ ನಡುಗುತ್ತೆ. ದುಡ್ಡು ಕೊಟ್ಟು ಬರೋದೇ ಅದಕ್ಕೆ."

"ನಿನ್ನ ಕೈಲಿ ಪಾಪ್‌ಕಾರ್ನ್ ಇತ್ತಲ್ಲ?"

"ಇಲ್ಲಪ್ಪ."

"ಇತ್ತು, ನೋಡಿದೆ. ಗುಡ್ಡ ಕುಸಿದಾಗ ಏನು ಮಾಡ್ತಿದ್ದೆ?"

ಯೋಚಿಸಿದೆ. ನಿಜ ಹೇಳಬೇಕೆಂದರೆ ತಿನ್ನುತ್ತಿದ್ದೆ. ಗುಡ್ಡ ಕುಸಿದಷ್ಟೂ ಜೋರಾಗಿ ತಿನ್ನುತ್ತಿದ್ದೆ.

"ನೀನೊಬ್ಬಳೇ ಅಲ್ಲ, ಎಲ್ಲರೂ ತಿಂತಿದ್ದರು," ಅಂದಳು ಅಕ್ಕ. "ಕೈ ಬಾಯಿಗೆ ಹೋಗದೆ ನಡುವೆ ನಿಂತಿದ್ದು ಎಲ್ಲಿ ಹೇಳು."

ಆಗ ನೆನಪಾಯಿತು. ಅಲ್ಲಿ ಢಮಾರ್ ಇರಲಿಲ್ಲ, ಸಂಗೀತವೂ ಇರಲಿಲ್ಲ. ತಬ್ಬಿಕೊಂಡಿದ್ದಾಗಿದೆ, ಸೂರ್ಯ ಹುಟ್ಟಿದ್ದಾಗಿದೆ, ತಾಯಿ ಮಗಳು ಕಂಬಳಿ ಹೊದ್ದು ಸುಮ್ಮನೆ ಕೂತಿದ್ದಾರೆ. ಮಗಳ ಶಾಲೆಯ ಬ್ಯಾಗಿನೊಳಗೆ ಫೋನೊಂದು ಬಡಿದುಕೊಳ್ಳುತ್ತದೆ. ತೆಗೆದುಕೋ ಅನ್ನುತ್ತಾಳೆ ತಾಯಿ. ಮಗಳು ಬ್ಯಾಗಿನೊಳಗೆ ಇಣುಕಿ ನೋಡಿ, ತಲೆ ಎತ್ತಿ, "ಅಮ್ಮಾ, ಇದು ನನ್ನ ಫೋನಲ್ಲ," ಅನ್ನುತ್ತಾಳೆ.

ನನ್ನ ಕೈ ನಿಂತಿದ್ದು ಅಲ್ಲೇ. ಹೇಳುವಾಗಲೂ ಮೈ ಜುಮ್ಮೆಂದಿತು. ಅಕ್ಕ ನಕ್ಕು ಯಂತ್ರದ ಕಡೆ ತಿರುಗಿದಳು.

ಸಂಜೆ ಆಟ ಭರ್ತಿ. ಮಾವ ಹಿಂದಿನ ಬಾಗಿಲಿಗೆ ಒರಗಿ ಕೈಕಟ್ಟಿ ನಿಂತರು. ಭಾವ ಹೊರಗೆ ಹಾಲು ಕಾಯಿಸುತ್ತಿದ್ದರು. ನನಗಂತೂ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ತಂತಿ ದಾಟಿದಳು, ಬೂದು ಕೋಟು ಬಿತ್ತು, ತಬ್ಬಿಕೊಂಡರು. ಮುಂದಿನ ಸಾಲಿನವರು ಮುಗಿಯಿತು ಅಂದುಕೊಂಡು ಕಾಲಲ್ಲೇ ಚಪ್ಪಲಿ ತಡಕಾಡತೊಡಗಿದರು. ನನ್ನ ಜೀವ ಬಾಯಿಗೆ ಬಂತು. ಅಷ್ಟರಲ್ಲಿ ಫೋನು ಬಡಿದುಕೊಂಡಿತು.

"ಅಮ್ಮಾ, ಇದು ನನ್ನ ಫೋನಲ್ಲ."

ದೀಪ ಹತ್ತಿತು.

ಯಾರೂ ಏಳಲಿಲ್ಲ. ಆಮೇಲೆ ಒಮ್ಮೆಗೇ ಇಡೀ ಟಾಕೀಸು ಮಾತಾಡತೊಡಗಿತು. ಗುರುತು ಪರಿಚಯ ಇಲ್ಲದವರು ಹಿಂದಿನ ಸಾಲಿಗೆ ತಿರುಗಿ ವಾದಕ್ಕಿಳಿದರು. ಫೋನು ಸತ್ತ ಬೂದು ಕೋಟಿನವನದು ಅಂದರು, ಅವನು ಸತ್ತಿಲ್ಲ ಅಂದರು, ಗಾಡಿಯಲ್ಲಿ ಮಕ್ಕಳ ಜೊತೆಗಿದ್ದ ಆ ಮೇಷ್ಟ್ರ ಮೇಲೆ ನನಗೆ ಮೊದಲಿಂದಲೂ ಅನುಮಾನ ಅಂದರು. ಒಬ್ಬರು ಶೌಚಾಲಯಕ್ಕೆ ಓಡಿದವರು ಓಡುತ್ತಲೇ ವಾಪಸ್ ಬಂದು, "ಶುರುವಾಯ್ತಾ?" ಅಂತ ನನ್ನನ್ನೇ ಗದರಿಸಿದರು.

ಕ್ಯಾಂಟೀನಿಗೆ ನರಪಿಳ್ಳೆಯೂ ಹೋಗಲಿಲ್ಲ. ಭಾವ ಕೆಂಡವಾಗಿ, ತಟ್ಟೆಯಲ್ಲಿ ಪಾಪ್‌ಕಾರ್ನ್ ಪೊಟ್ಟಣ ಹೇರಿಕೊಂಡು ಒಳಗೇ ನುಗ್ಗಿದರು. ಒಂದು ಸಾಲಿನಲ್ಲಿ, "ಯಾರ ಫೋನು?" ಅಂದರು ಯಾರೋ. "ಯಾವ ಫೋನು?" ಅಂದರು ಭಾವ. ಹೇಳಲು ಪೂರಾ ಸಾಲೇ ಮುಂದಾಯಿತು. ದೀಪ ಆರಿದಾಗ ಭಾವ ಅಲ್ಲೇ ಗೋಡೆಗೆ ಒರಗಿದ್ದರು. ನಾನು ತಟ್ಟೆಯಿಂದ ಎರಡು ಪೊಟ್ಟಣ ಎತ್ತಿಕೊಂಡೆ, ಅವರಿಗೆ ಗೊತ್ತೇ ಆಗಲಿಲ್ಲ.

ಗುಡ್ಡ ಕುಸಿದು, ತಾಯಿ ಹಿಮ ಬಗೆದು ಕೊನೆಗೂ ಆ ಫೋನನ್ನು ಕಿವಿಗಿಟ್ಟುಕೊಳ್ಳುವ ಹೊತ್ತಿಗೆ ಮಾವ ಹೊರಗಿಂದ ಇಣುಕಿ, "ಹಾಲು ಉಕ್ಕಿ ಒಲೆ ಮೇಲೆಲ್ಲ ಹರೀತಿದೆ, ಬರ್ತೀಯೋ ಇಲ್ವೋ?" ಅಂದರು. ಭಾವ ಹಿಂದೆ ತಿರುಗಿ ತಿರುಗಿ ನೋಡುತ್ತಾ ಹೋದರು.

ಆಟ ಬಿಟ್ಟ ಮೇಲೆ ಮಾವ ಮೇಲಿನ ಕೋಣೆಗೆ ಬಂದರು. ಯಂತ್ರವನ್ನೊಮ್ಮೆ, ಅಕ್ಕನನ್ನೊಮ್ಮೆ ನೋಡಿ, "ಜನ ಎದ್ದರೆ ತಾನೇ ಹೋಗೋದು. ನಾಳೆಗೂ ಅಲ್ಲೇ ಇರಲಿ," ಅಂದರು. ಇನ್ನು ಮುಂದೆಯೂ ನೀನೇ ನೋಡ್ಕೋ ಅಂತಲೂ ಸೇರಿಸಿದರು. ಅವರು ಕೆಳಗಿಳಿದ ಮೇಲೆ ಅಕ್ಕ ನನ್ನ ಕೈಯನ್ನು ನೋಯುವಷ್ಟು ಗಟ್ಟಿಯಾಗಿ ಹಿಡಿದುಕೊಂಡಳು. ನನಗೆ ಕುಣಿಯಬೇಕು ಅನ್ನಿಸಿತು.

ಅಷ್ಟರಲ್ಲಿ ಭಾವ ಅಕ್ಕನಿಗೆಂದು ಬಿಸಿ ಕಾಫಿ ತಂದರು. ಇದು ಹಿಂದೆಂದೂ ಆಗಿದ್ದಲ್ಲ. ಲೋಟ ಕೊಟ್ಟು, ಸ್ವಲ್ಪ ಹೊತ್ತು ಯಂತ್ರದ ಧೂಳು ಒರೆಸುವವರಂತೆ ನಟಿಸಿ, "ಅಲ್ವೇ, ಆ ಫೋನಲ್ಲಿ ಮಾತಾಡಿದ್ದು ಯಾರೇ?" ಅಂದರು.

"ಎಲ್ಲಾ ಒಂದೇ ಅಲ್ವೇನ್ರೀ," ಅಂದಳು ಅಕ್ಕ. ಕಾಫಿ ಕುಡಿದಳು. ಬಾಯಿ ಮಾತ್ರ ಬಿಡಲಿಲ್ಲ.

ಮರುದಿನ ಬೆಳಗಿನ ಆಟಕ್ಕೆ ಭಾವ ಎಲ್ಲರಂತೆ ಸಾಲಿನಲ್ಲಿ ನಿಂತು ಟಿಕೆಟ್ ಚಾಚಿದರು. ಬೆನ್ನ ಹಿಂದೆ ಕ್ಯಾಂಟೀನಿಗೆ ಬೀಗ ಬಿದ್ದಿತ್ತು. ನಾನು ನಗು ತಡೆದುಕೊಂಡು ಟಿಕೆಟ್ ಹರಿದುಕೊಟ್ಟೆ. ಒಳಗೆ ಕಾಲಿಟ್ಟವರು ಮತ್ತೆ ಹಿಂದಕ್ಕೆ ಬಂದು, ಯಾರಿಗೂ ಕೇಳಿಸದ ಹಾಗೆ ಬಗ್ಗಿ ಹೇಳಿದರು:

"ಇಂಟರ್‌ವಲ್ ಜಾಸ್ತಿ ಹೊತ್ತು ಎಳೀಬೇಡ ಅಂತ ನಿಮ್ಮಕ್ಕನಿಗೆ ಹೇಳು."