ಹಿಂದಿನ ಎರಡು ದೀಪ

ಲೋಕದಲ್ಲಿ ದಿನವೂ ದೊಡ್ಡ ದೊಡ್ಡ ಸಂಗತಿಗಳು ನಡೆಯುತ್ತಿರುತ್ತವೆ. ಸರ್ಕಾರಗಳು ಏಳುತ್ತವೆ, ಬೀಳುತ್ತವೆ. ಅವನ್ನೆಲ್ಲ ಸದ್ಯಕ್ಕೆ ಪಕ್ಕಕ್ಕಿಟ್ಟು, ಕಿಬ್ಬನಹಳ್ಳಿಯ ರೇಣುಕಪ್ರಸಾದರ ಕೊಬ್ಬರಿ ಮಂಡಿಗೆ ಸೇರಿದ ಪಿಕಪ್ ಗಾಡಿಯ ಹಿಂಬದಿಯ ಎರಡು ಕೆಂಪು ದೀಪಗಳ ವಿಚಾರವನ್ನು ಗಂಭೀರವಾಗಿ ಎತ್ತಿಕೊಳ್ಳಬೇಕಾಗಿದೆ. ಬ್ರೇಕ್ ಒತ್ತಿದಾಗ ಉರಿಯಬೇಕಾದ ಅವು ಇಪ್ಪತ್ತು ದಿನದಿಂದ ಉರಿಯುತ್ತಿರಲಿಲ್ಲ.

ಗಾಡಿಯ ಮುಂದೆ ಕೂರುವವರಿಗೆ ಇದು ಕ್ಷುಲ್ಲಕ. ಹಿಂದೆ ಕೂರುವವರಿಗೆ ಹಾಗಲ್ಲ. ಹಿಂದೆ ಕೂರುತ್ತಿದ್ದವರು ಆರು ಜನ ಹೆಂಗಸರು. ತೋಟದವರ ಮನೆಗೆ ಹೋಗಿ, ಅಟ್ಟದಲ್ಲಿ ವರ್ಷೊಪ್ಪತ್ತು ಒಣಗಿದ ಕಾಯಿ ಇಳಿಸಿ, ಮಟ್ಟೆ ಸುಲಿದು, ಕರಟ ಒಡೆದು, ಉಂಡೆ ಕೊಬ್ಬರಿ ಚೀಲಕ್ಕೆ ತುಂಬಿ, ಅದೇ ಚೀಲಗಳ ಮೇಲೆ ಕೂತು ಮಂಡಿಗೆ ಬರುವುದು ಅವರ ಕೆಲಸ. ಕಳೆದ ವಾರ ಹೆದ್ದಾರಿಯಲ್ಲಿ ಎಮ್ಮೆಯೊಂದು ಅಡ್ಡ ಬಂತೆಂದು ಡ್ರೈವರ್ ಜುಂಜಣ್ಣ ಬ್ರೇಕ್ ಹಾಕಿದ. ಹಿಂದಿದ್ದ ಹಾಲಿನ ಟ್ಯಾಂಕರಿನವನಿಗೆ ಇವನು ನಿಂತದ್ದು ತಿಳಿಯಲಿಲ್ಲ. ತಿಳಿಯುವ ಹೊತ್ತಿಗೆ ಟ್ಯಾಂಕರಿನ ಮೂತಿ ಪಿಕಪ್ಪಿನ ಬೆನ್ನಿಗೆ ತಾಗಿತ್ತು. ಚೀಲದ ಮೇಲಿದ್ದ ಗಂಗಲಕ್ಷ್ಮಿ ರಸ್ತೆಗೆ ಬಿದ್ದು ಬಲಗೈ ಮೂಳೆ ಮುರಿಯಿತು. ಎಮ್ಮೆಗೆ ಏನೂ ಆಗಲಿಲ್ಲ.

"ಅವಳು ನೆಟ್ಟಗೆ ಕೂತಿರಲಿಲ್ಲ" ಎಂದು ರೇಣುಕಪ್ರಸಾದರು ಆ ದಿನವೇ ತೀರ್ಪು ಕೊಟ್ಟರು. ಮಾರನೆಯ ದಿನ ತೀರ್ಪಿಗೆ ತಿದ್ದುಪಡಿ ಬಂತು: "ಜುಂಜ ಗಾಡಿ ಸರಿಯಾಗಿ ನೋಡ್ಕೊಂಡಿಲ್ಲ."

ಜುಂಜಣ್ಣ ನೋಡಿಕೊಂಡಿದ್ದ. ದೀಪ ಉರಿಯುತ್ತಿಲ್ಲವೆಂದು ಮೂರು ಸಲ ಹೇಳಿಯೂ ಇದ್ದ. "ಮುಂದೆ ನೋಡ್ಕೊಂಡು ಓಡ್ಸು ಕಣ್ಲಾ. ಹಿಂದಿಂದು ಹಿಂದಿನೋರು ನೋಡ್ಕೋತಾರೆ" ಎಂಬ ಉತ್ತರ ಮೂರು ಸಲವೂ ಬಂದಿತ್ತು. ಆಮೇಲೆ ಅವನು ಗಂಗಲಕ್ಷ್ಮಿಯನ್ನು ನೋಡಲು ಹೋದ. ಇಬ್ಬರದೂ ಹುಳಿಯಾರಿನ ಕಡೆಯ, ಊರಾಚೆಯ ಒಂದೇ ಹಟ್ಟಿ. ಅವಳು ಒಂದು ಮಾತೂ ಬೈಯಲಿಲ್ಲ. ಎಡಗೈಯಲ್ಲೇ ಟೀ ಬಗ್ಗಿಸಿ, ಅರ್ಧ ನೆಲಕ್ಕೆ ಚೆಲ್ಲಿ, ಉಳಿದ ಅರ್ಧ ಅವನ ಮುಂದಿಟ್ಟಳು. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವನಿಗೆ.

ಈ ಬೆಳಿಗ್ಗೆ ಕಾಡಸಿದ್ದಪ್ಪನವರ ತೋಟಕ್ಕೆ ಹೋಗಬೇಕಿತ್ತು. ಉಳಿದ ಐದು ಹೆಂಗಸರು ಮಂಡಿಯ ಅಂಗಳದಲ್ಲಿ ಬುತ್ತಿ ಹಿಡಿದು ಕೂತಿದ್ದರು. ಅವರಲ್ಲಿ ಹಿರಿಯಳಾದ ಕಾಳಕ್ಕ ಹೇಳಿಬಿಟ್ಟಿದ್ದಳು: "ಜುಂಜಾ, ದೀಪ ಉರೀಗಂಟ ನಾವು ಗಾಡಿ ಹತ್ತಾಕಿಲ್ಲ ಕಣಪ್ಪ. ಇನ್ನೊಂದು ಕೈ ಮುರ್ಕೊಳೋಕೆ ನಮ್ಗೇನು ಹತ್ತು ಕೈ ಅವಾ?"

ಜುಂಜಣ್ಣ ಯಜಮಾನರನ್ನು ಕೇಳದೆಯೇ ಮೆಕ್ಯಾನಿಕ್ ಆಂಜನಪ್ಪನನ್ನು ಕರೆತಂದ. ಆಂಜನಪ್ಪನಿಗೆ ಗಾಡಿಗಳ ಮೇಲೆ ಪ್ರೀತಿ, ಅವುಗಳ ಮಾಲೀಕರ ಮೇಲೆ ಇಲ್ಲ. ಹಿಂದಿನ ಗ್ಲಾಸು ಬಿಚ್ಚಿ ಬಲ್ಬು ತೆಗೆದು ಬಿಸಿಲಿಗೆ ಹಿಡಿದ. ಬಲ್ಬು ಚೆನ್ನಾಗಿತ್ತು. ಫ್ಯೂಸು ಕಿತ್ತು ನೋಡಿದ. ಅದೂ ಸುಟ್ಟಿರಲಿಲ್ಲ. ತುಕ್ಕು ಹಿಡಿದ ಕಡೆ ಉಜ್ಜಿ ಅರ್ಥಿಂಗ್ ನೋಡಿದ. ಪೆಡಲಿನ ಕೆಳಗೆ ತಲೆ ತೂರಿಸಿ, ಬ್ರೇಕ್ ಒತ್ತಿದಾಗ ಕೆಲಸ ಮಾಡುವ ಪುಟ್ಟ ಸ್ವಿಚ್ಚನ್ನು ಟೆಸ್ಟರಿನಿಂದ ಮುಟ್ಟಿದ. ಸ್ವಿಚ್ಚಿಗೂ ರೋಗವಿರಲಿಲ್ಲ.

"ಎಲ್ಲಾ ಸರ್ಯಾಗವೆ" ಎಂದ ಆಂಜನಪ್ಪ. "ಕರೆಂಟು ಸ್ವಿಚ್ ಗಂಟ ಬತ್ತದೆ. ಅಲ್ಲಿಂದ ಹಿಂದಕ್ಕೆ ಹೋಗ್ತಿಲ್ಲ. ನಡುವೆ ಯಾರೋ ಕದೀತಾವ್ರೆ. ಇನ್ನೊಂದ್ಸಲ ಒತ್ತು."

ಜುಂಜಣ್ಣ ಒತ್ತಿದ. ಡ್ಯಾಶ್‌ಬೋರ್ಡಿನ ಮೇಲಿದ್ದ ಮನೆದೇವರ ಫೋಟೋದ ಸುತ್ತ ಕೆಂಪು, ಹಸಿರು, ನೀಲಿ ದೀಪಗಳು ಝಗ್ಗೆಂದು ಬೆಳಗಿದವು. ಕಾಲು ತೆಗೆದ. ದೇವರು ಆರಿದ.

ಬಲ್ಬಿನ ಮೇಲೆ ಅನುಮಾನಪಟ್ಟಿದ್ದರು, ಫ್ಯೂಸಿನ ಮೇಲೆ ಪಟ್ಟಿದ್ದರು, ಜುಂಜಣ್ಣನ ಮೇಲಂತೂ ಪಟ್ಟೇಪಟ್ಟಿದ್ದರು. ದೇವರ ಮೇಲೆ ಮಾತ್ರ ಯಾರೂ ಪಟ್ಟಿರಲಿಲ್ಲ.

"ಇದ್ಯಾವಾಗ್ಲಿಂದ?" ಎಂದ ಆಂಜನಪ್ಪ.

"ಇಪ್ಪತ್ತು ದಿನ ಆಯ್ತು. ಸಾವ್ಕಾರ್ರೇ ಹಾಕ್ಸಿದ್ದು. ಬ್ರೇಕ್ ಹಾಕೋದು ಗಂಡಾಂತರ ಬಂದಾಗ, ಗಂಡಾಂತರದಾಗೇ ದೇವ್ರು ಕಾಣ್ಬೇಕು ಅಂತ..." ಎನ್ನುತ್ತಲೇ ಜುಂಜಣ್ಣನಿಗೆ ಇಪ್ಪತ್ತು ದಿನದ ಲೆಕ್ಕ ಹೊಳೆಯಿತು.

ಆಂಜನಪ್ಪ ಫೋಟೋದ ಹಿಂದೆ ಕೈ ಹಾಕಿದ. ಹಿಂದಿನ ದೀಪಕ್ಕೆ ಹೋಗಬೇಕಿದ್ದ ವೈರನ್ನು ಕತ್ತರಿಸಿ ದೇವರಿಗೆ ಕೊಟ್ಟಿದ್ದರು. ಕೆಲಸ ಮಾಡಿದವನು ತುರುವೇಕೆರೆಯ ಒಬ್ಬ ಸ್ಟಿಕ್ಕರ್ ಅಂಗಡಿಯವನು. ಆಂಜನಪ್ಪ ಫೋನು ಹಚ್ಚಿ, ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿದ.

"ಲೇ, ಬ್ರೇಕ್ ವೈರು ಯಾಕ್ಲಾ ಕತ್ತರಿಸ್ದೆ? ಎರಡಕ್ಕೂ ಜಾಯಿಂಟ್ ಕೊಡೋದಲ್ವಾ?"

"ಕೊಟ್ಟಿದ್ದೆ ಕಣಣ್ಣ" ಎಂದಿತು ಫೋನು. "ವೈರು ಸಣ್ದು, ದೇವ್ರು ಮಂಕಾಗಿ ಕಾಣೋನು. ಹಿಂದಿಂದು ಕಿತ್ತಾಕು, ಹಿಂದೆ ನೋಡೋರ್ಯಾರು ಅಂದ್ರು ಸಾವ್ಕಾರ್ರು. ಪಕ್ಕದಲ್ಲೇ ನಿಂತು ಕೀಳಿಸಿದ್ರು."

ಜಗಲಿಯ ಮೇಲೆ ಕಾಫಿ ಕುಡಿಯುತ್ತಿದ್ದ ರೇಣುಕಪ್ರಸಾದರು ಲೋಟ ಕೆಳಗಿಟ್ಟು ಬಂದರು.

"ಏನ್ಲಾ ಇದು, ದೇವರನ್ನ ಬಿಚ್ಚಿ ಹಾಕಿದ್ದೀರ?"

"ಗಂಗಲಕ್ಷ್ಮಿ ಬಿದ್ದಿದ್ದು ಯಾಕೆ ಅಂತ ನೋಡ್ತಿದ್ವಿ ಸಾವ್ಕಾರ್ರೆ" ಎಂದಳು ಕಾಳಕ್ಕ. "ಗೊತ್ತಾಯ್ತು."

"ದೇವರಿದ್ದಿದ್ದಕ್ಕೇ ಕೈಗೆ ಹೋಯ್ತು. ಇಲ್ದಿದ್ರೆ ಪ್ರಾಣವೇ ಹೋಗ್ತಿತ್ತು."

"ದೇವ್ರು ಮುಂದ್ಗಡೆ ಕುಂತು ನಿಮ್ ಸೀಟು ಕಾಯ್ತಾವ್ನೆ. ಟ್ಯಾಂಕರ್ ಬಂದಿದ್ದು ಹಿಂದಿಂದ. ಹಿಂದೆ ಬಂದು ನಮ್ ಜೊತೆ ಚೀಲದ ಮೇಲೆ ಕುಂತ್ಕೊಳ್ಳಲಿ, ಅವಾಗ ಒಪ್ಕೋತೀವಿ."

ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಆಂಜನಪ್ಪನಿಗೆ ಮುಚ್ಚಿಕೊಳ್ಳಲು ಸೆರಗಿರಲಿಲ್ಲ, ಬಹಿರಂಗವಾಗಿಯೇ ನಕ್ಕ. ನಕ್ಕು ಮುಗಿಸಿ ಪರಿಹಾರ ಹೇಳಿದ: "ವೈರು ಹಿಂದಕ್ಕೇ ಕೊಡ್ತೀನಿ. ದೇವ್ರಿಗೆ ಬೇರೆ ಸ್ವಿಚ್ ಇಡಾನ. ಬೇಕಾದಾಗ ಜುಂಜಣ್ಣ ಹಾಕ್ತಾನೆ, ಬೇಡದಾಗ ಆರಿಸ್ತಾನೆ."

"ಇವನ ಕೈಲಿ ನಮ್ಮ ಮನೆದೇವ್ರನ್ನ ಹಚ್ಚಿ ಆರಿಸೋದಾ?" ರೇಣುಕಪ್ರಸಾದರ ಮುಖ ಕೆಂಪಾಯಿತು. "ಹಟ್ಟಿಯೋನ ಕೈ ಆ ಫೋಟೋ ಹತ್ರ ಹೋಗ್ಕೂಡದು ಅಂತ ಮೊದಲ್ನೇ ದಿನವೇ ಹೇಳಿದ್ದೀನಿ. ಈಗಿದ್ದಂಗೇ ಇರ್ಲಿ."

ಜುಂಜಣ್ಣ ಆ ಮಂಡಿಯಲ್ಲಿ ಒಂಬತ್ತು ವರ್ಷದಿಂದ ಕಡಿಮೆ ಮಾತಾಡಿ ಬದುಕಿದವನು. ಎಡಗೈಯಿಂದ ಟೀ ಬಗ್ಗಿಸಿದ ಗಂಗಲಕ್ಷ್ಮಿ ಕಣ್ಣ ಮುಂದೆ ಬಂದಳು.

"ನಾನು ಕೈ ಹಚ್ಚಿಲ್ಲ ಸಾವ್ಕಾರ್ರೆ" ಎಂದ ನಿಧಾನಕ್ಕೆ. "ಇಪ್ಪತ್ತು ದಿನದಿಂದ ನಿಮ್ ದೇವ್ರನ್ನ ಕಾಲಲ್ಲೇ ಬೆಳಗಿಸ್ತಿದ್ದೀನಿ. ಬ್ರೇಕು ಇರೋದು ಕಾಲ್ ಹತ್ರ. ವೈರು ಅಲ್ಲಿಗೆ ಕೊಡ್ಸಿದ್ದು ನೀವೇ."

ರೇಣುಕಪ್ರಸಾದರು ಪೆಡಲನ್ನು ನೋಡಿದರು. ಪೆಡಲಿನ ಮೇಲಿದ್ದ ಜುಂಜಣ್ಣನ ಸವೆದ ಚಪ್ಪಲಿ ನೋಡಿದರು. ಫೋಟೋ ನೋಡಿದರು. ಮಂಡಿ ನಡೆಸುವವರಿಗೆ ಎಷ್ಟೋ ಲೆಕ್ಕ ಬರುತ್ತದೆ. ಈ ಲೆಕ್ಕ ಅವರು ಹಾಕಿರಲಿಲ್ಲ.

"ಇಳಿಯೋ ಕೆಳಗೆ" ಎಂದರು. "ನಾಳೆಯಿಂದ ಬರ್ಬೇಡ. ಇವತ್ತಿಂದ್ಲೇ ಬರ್ಬೇಡ. ದೇವರಿಗೆ ಕಾಲು ತಾಗಿಸಿದವನು ನನ್ನ ಗಾಡಿ ಓಡ್ಸೋದು ಬೇಡ."

ಜುಂಜಣ್ಣ ಕೀಲಿಯನ್ನು ಸೀಟಿನ ಮೇಲಿಟ್ಟು ಇಳಿದ. ರೇಣುಕಪ್ರಸಾದರು ತಮ್ಮ ಅಕ್ಕನ ಮಗ ಸೂರ್ಯಪ್ರಕಾಶನನ್ನು ಕರೆದು ಸ್ಟೇರಿಂಗ್ ಮುಂದೆ ಕೂರಿಸಿದರು. ಅವನು ಕೂತ. ಎಂಜಿನ್ ಶುರುವಾಯಿತು. ಕಾಲಿಗೆ ಬ್ರೇಕ್ ಸಿಕ್ಕಿತು. ದೇವರು ಬೆಳಗಿದ. ಅವನು ಬೆಚ್ಚಿ ಕಾಲು ಹಿಂದಕ್ಕೆ ಎಳೆದುಕೊಂಡ.

"ಮಾವ, ನಾನು ಒತ್ಬಹುದಾ?" ಎಂದು ಕೇಳಿದ.

ಮಾವ ಹೆಂಗಸರ ಕಡೆ ತಿರುಗಿ, "ಹತ್ರಮ್ಮಾ, ಹೊತ್ತಾಯ್ತು" ಎಂದರು.

ಕಾಳಕ್ಕ ಬುತ್ತಿ ಬಿಚ್ಚಿದಳು. ರಾಗಿಮುದ್ದೆ ಮುರಿದು ಪಕ್ಕದವಳಿಗೆ ಅರ್ಧ ಕೊಟ್ಟಳು. ಆ ಹೊತ್ತಿಗೆ ಊಟ ಮಾಡುವ ರೂಢಿ ಅವರಿಗಿರಲಿಲ್ಲ.

"ಹಿಂದಿನ ದೀಪ ಉರೀಲಿ. ಜುಂಜ ಕುಂತ್ಕೊಳ್ಳಲಿ. ಆಮೇಲೆ ಹತ್ತೀವಿ ಬುಡಿ" ಎಂದಳು, ತಲೆ ಎತ್ತದೆ.

"ಬೇರೆ ಹೆಂಗಸರನ್ನ ಕರೆಸ್ತೀನಿ."

"ಕರೆಸ್ರಿ. ಬಂದೋರ್ಗೆ ಆಂಜನಪ್ಪ ಆ ಫೋನು ಇನ್ನೊಂದ್ಸಲ ಹಚ್ತಾನೆ."

ಆಂಜನಪ್ಪ ಜೇಬಿನಿಂದ ಫೋನು ತೆಗೆದು, ಚಾರ್ಜು ಎಷ್ಟಿದೆಯೆಂದು ನೋಡಿಕೊಂಡ. ಜುಂಜಣ್ಣ ಹೋಗಿ ಹೆಂಗಸರ ಪಕ್ಕದಲ್ಲಿ ನೆಲದ ಮೇಲೆ ಕೂತ. ಯಾರೋ ಅವನ ಕೈಗೂ ಒಂದು ತುತ್ತು ಇಟ್ಟರು.

ಮೂರು ದಿನ ಗಾಡಿ ಕದಲಲಿಲ್ಲ. ನಾಲ್ಕನೆಯ ದಿನ ಹಿಂದಿನ ಎರಡೂ ದೀಪ ಉರಿದವು, ದೇವರಿಗೆ ಬೇರೆ ಬ್ಯಾಟರಿ ಬಂತು, ಗಾಡಿಯನ್ನು ಜುಂಜಣ್ಣನೇ ಓಡಿಸಿದ.