ಗೊಂಬೆ ಮೆಟ್ಟಿಲಿನ ಕಾಳಗ

ಬೇಲೂರಿನ ದೇವಸ್ಥಾನದ ಬೀದಿಯಲ್ಲಿ, ಗೋಪುರದ ನೆರಳು ಬೀಳುವಷ್ಟು ಹತ್ತಿರದಲ್ಲಿ, ಹೊಯ್ಸಳರು ಭಾನುವಾರ ಭಾನುವಾರ ಸೋಲುತ್ತಿದ್ದರು. ಸೋಲುತ್ತಿದ್ದದ್ದು ತಾಲ್ಲೂಕು ಕಚೇರಿ ಗುಮಾಸ್ತ ಸುಂದರರಾಜನ ಮನೆಯ ಜಗಲಿಯ ಮೇಲೆ. ಸೋಲಿಸುತ್ತಿದ್ದವನು ಹಗರೆಯ ಚನ್ನಪ್ಪ. ತೆಂಗಿನ ತೋಟ, ರಾಗಿ ಹೊಲ, ಮೊರದಗಲದ ಅಂಗೈ ಇದ್ದ ಮನುಷ್ಯ.

ಮೈಸೂರು ರಾಜ್ಯ ದೊಡ್ಡದಾದ ಮರುವರ್ಷದ ಮಾತು ಇದು. ಸುಂದರರಾಜನಿಗೆ ಈ ಹುಚ್ಚು ಹಿಡಿದದ್ದು ಮಾತ್ರ ಅದಕ್ಕೂ ಬಹಳ ಹಿಂದೆ, ಮಹಾಯುದ್ಧದ ಕಾಲದಲ್ಲಿ. ಆಗ ಅವನು ಬೆಂಗಳೂರು ದಂಡಿನಲ್ಲಿ ಉಗ್ರಾಣದ ಗುಮಾಸ್ತನಾಗಿದ್ದ. ಅಲ್ಲೊಬ್ಬ ಇಂಗ್ಲಿಷ್ ಕ್ಯಾಪ್ಟನ್ ಇದ್ದ. ಲೋಕವೆಲ್ಲ ನಿಜವಾದ ಯುದ್ಧದಲ್ಲಿ ಬೇಯುತ್ತಿದ್ದರೆ ಆ ಪುಣ್ಯಾತ್ಮ ಊಟದ ಮೇಜಿನ ಮೇಲೆ ಬಣ್ಣ ಹಚ್ಚಿದ ಸೀಸದ ಸಿಪಾಯಿಗಳನ್ನು ನಿಲ್ಲಿಸಿ, ದಾಳ ಹಾಕಿ, ಅಳತೆಪಟ್ಟಿ ಹಿಡಿದು ನಡೆಸಿ, ನೆಪೋಲಿಯನ್ನನನ್ನು ಸೋಲಿಸಿ ಹಾಯಾಗಿ ಮಲಗುತ್ತಿದ್ದ. ಸುಂದರರಾಜ ಲೆಕ್ಕದ ಕಾಗದಕ್ಕೆ ರುಜು ಹಾಕಿಸಲು ಹೋದವನು ಬಾಗಿಲಲ್ಲೇ ನಿಂತು ನೋಡಿದ. ಅಲ್ಲಿಂದ ಮುಂದೆ ಅವನ ತಲೆಯಲ್ಲಿ ಬೇರೆ ಏನೂ ಸರಿಯಾಗಿ ಕೂರಲಿಲ್ಲ.

ಬೇಲೂರಿಗೆ ವಾಪಸು ಬಂದ ಮೇಲೆ ಅವನೂ ಸೈನ್ಯ ಕಟ್ಟಿದ. ಈ ಸೀಮೆಯಲ್ಲಿ ಬಳಪದ ಕಲ್ಲಿಗೆ ಬರವೇ? ಹೊಯ್ಸಳರು ಅದರಲ್ಲಿ ದೇವಸ್ಥಾನ ಕಡೆಸಿದರು, ಸುಂದರರಾಜ ಹೆಬ್ಬೆರಳುದ್ದದ ಅಚ್ಚು ಕೊರೆದ. ಒಡೆದ ಬ್ಯಾಟರಿಯ ಸೀಸವನ್ನು ಅಮ್ಮನ ಹುಳಿ ಸೌಟಿನಲ್ಲಿ ಕರಗಿಸಿ ಅಚ್ಚಿಗೆ ಹೊಯ್ದ. ಆ ಸೌಟಿನ ವಿಚಾರವಾಗಿ ಮನೆಯಲ್ಲಿ ನಡೆದ ಯುದ್ಧವನ್ನು ಇಲ್ಲಿ ಹೇಳುವುದಿಲ್ಲ, ಅದರಲ್ಲೂ ಅವನು ಸೋತ. ಬಸ್ಸಿನಲ್ಲಿ ಹಳೇಬೀಡಿಗೆ ಹೋಗಿ, ಗುಡಿಯ ಗೋಡೆಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು, ಕಲ್ಲಿನ ಕುದುರೆಗೆ ಜೀನು ಹೇಗೆ ಬಿಗಿದಿದ್ದಾರೆ, ಆನೆಯ ಮೇಲಿನವನು ಈಟಿ ಎಲ್ಲಿ ಹಿಡಿದಿದ್ದಾನೆ ಎಂದು ನೋಡಿಕೊಂಡು ಬರುತ್ತಿದ್ದ. ಯಾತ್ರಿಕರು ಅವನನ್ನು ಕಂಡು, ಒಳಗಿನ ದೇವರನ್ನು ಬಿಟ್ಟು ಕುದುರೆ ಹೊಟ್ಟೆಗೆ ಕೈಮುಗಿಯುವ ಇವನದು ಯಾವ ಸಂಪ್ರದಾಯವಪ್ಪಾ ಎಂದು ಬೆರಗಾಗುತ್ತಿದ್ದರು.

ಕಲ್ಲು ಎಲ್ಲ ಹೇಳುತ್ತಿತ್ತು, ಬಣ್ಣ ಮಾತ್ರ ಹೇಳುತ್ತಿರಲಿಲ್ಲ. ಹೀಗಾಗಿ ಸುಂದರರಾಜ ಮನೆಯ ಬೀರುವನ್ನೇ ಪ್ರಮಾಣವಾಗಿ ಹಿಡಿದ. ಹೊಯ್ಸಳರ ರಾವುತರಿಗೆ ಹೆಂಡತಿ ಕೋಮಲವಲ್ಲಿಯ ಸೀಮಂತದ ಸೀರೆಯ ನೀಲಿ, ಕಾಲಾಳಿಗೆ ಅಮ್ಮನ ಪಟ್ಟೆಸೀರೆಯ ಅರಿಶಿನ. ಬಣ್ಣ, ಅಂಗಡಿ ಬೋರ್ಡಿಗೆ ಬಳಿಯುವ ಎನಾಮಲ್. ಅಳಿಲಿನ ಬಾಲದ ನಾಲ್ಕು ಕೂದಲು ಕಟ್ಟಿದ ಕುಂಚ. ಕಚೇರಿಯಲ್ಲಿ ಸಾಹೇಬರು ಕ್ಯಾಂಪಿಗೆ ಹೋದರೆ ಡ್ರಾಯರಿನೊಳಗೇ ಕೆಲಸ ನಡೆಯುತ್ತಿತ್ತು.

ಖಾತೆ ಬದಲಾವಣೆಗೆಂದು ಬಂದ ಚನ್ನಪ್ಪ ಅದನ್ನು ಕಂಡದ್ದು ಹಾಗೆ.

"ಏನ್ ಸ್ವಾಮಿ, ಡ್ರಾಯರ್‌ನಾಗೆ ಆನೆ ಕಟ್ಟಾಕಿದ್ದೀರಿ?"

"ಸರ್ಕಾರಿ ಆನೆಯಲ್ಲ, ಸ್ವಂತದ್ದು," ಎಂದ ಸುಂದರರಾಜ ಗಾಬರಿಯಲ್ಲಿ.

ಚನ್ನಪ್ಪ ಆನೆಯನ್ನು ಎತ್ತಿ ಅಂಗೈ ಮೇಲಿಟ್ಟುಕೊಂಡು ತಿರುಗಿಸಿ ನೋಡಿದ. "ಇದು ಏನ್ ಮಾಡ್ತದೆ?"

"ಯುದ್ಧ."

"ಯಾರ ಮ್ಯಾಲೆ?"

ಈ ಪ್ರಶ್ನೆಯನ್ನು ಯಾರಾದರೂ ಕೇಳಲಿ ಎಂದು ಸುಂದರರಾಜ ವರ್ಷಗಟ್ಟಲೆ ಕಾದಿದ್ದ. ಎರಡು ಸೈನ್ಯ ಕಟ್ಟಿಟ್ಟುಕೊಂಡಿದ್ದ, ಎದುರಾಳಿ ಇರಲಿಲ್ಲ. ಹೊಯ್ಸಳರು, ಸೇವುಣರು ಎಂದೆಲ್ಲ ವಿವರಿಸಿದ. ಸೇವುಣರು ದೇವಗಿರಿಯವರು, ವೀರಬಲ್ಲಾಳನ ಕೈಯಲ್ಲಿ ಸೊರಟೂರಿನಲ್ಲಿ ಮಣ್ಣುಮುಕ್ಕಿದವರು. ಹೊಯ್ಸಳರು ತನಗೇ ಬೇಕು ಎಂದೂ ಸೇರಿಸಿದ.

"ಮಡೀಕಳಿ," ಎಂದ ಚನ್ನಪ್ಪ. "ಸೋತವ್ರನ್ನ ನಂಗೆ ಕೊಡಿ. ಭಾನ್ವಾರ ಬತ್ತೀನಿ."

ಖಾತೆ ಬದಲಾವಣೆಯ ವಿಷಯ ಆಮೇಲೆ ಬಹಳ ಕಾಲ ಇಬ್ಬರಿಗೂ ನೆನಪಾಗಲಿಲ್ಲ.

ಆಟದ ನಿಯಮಗಳನ್ನು ಮಾಡಿದವನು ಸುಂದರರಾಜನೇ. ಕಾಲಾಳಿಗೆ ಒಂದು ಗೇಣು ನಡಿಗೆ, ಕುದುರೆಗೆ ಎರಡು ಗೇಣು. ಎರಡು ದಂಡು ಎದುರಾದರೆ ಪಗಡೆಯ ದಾಳ ಉರುಳಿಸಬೇಕು, ಹೆಚ್ಚು ಬಿದ್ದವರದು ಮೇಲುಗೈ. ಅರ್ಧ ಜನ ಸತ್ತ ದಂಡಿಗೆ ಕಡಿಮೆ ದಾಳ ಬಿದ್ದರೆ ಅದು ಹೆದರಿ ಓಡಬೇಕು. ಎಲ್ಲವನ್ನೂ ಯೋಚಿಸಿದ್ದ, ಗೇಣು ಯಾರದು ಎನ್ನುವುದನ್ನು ಯೋಚಿಸಿರಲಿಲ್ಲ. ಚನ್ನಪ್ಪ ಕೈಯಗಲಿಸಿ ಎರಡು ಗೇಣು ಹಾಕಿದನೆಂದರೆ ಸೇವುಣ ಕುದುರೆಗಳು ಜಗಲಿಯ ಈ ತುದಿಯಿಂದ ಆ ತುದಿಗೆ ಹಾರಿ ಹೊಯ್ಸಳರ ಬೆನ್ನಿಗೆ ಬಂದು ನಿಲ್ಲುತ್ತಿದ್ದವು. ಅಡಿಪಟ್ಟಿ ತಂದು ಗೇಣಿನ ಕಾಟ ತಪ್ಪಿಸಿದ್ದಾಯಿತು. ಆಗಲೂ ಸುಂದರರಾಜನ ಜನ ಹೆದರಿ ಓಡಿದರು. ಬಣ್ಣ ಹೆಚ್ಚು ಚೆನ್ನಾಗಿ ಹಚ್ಚಿದ ದಂಡೇ ಮೊದಲು ಓಡುತ್ತಿತ್ತು.

ಇದರಿಂದ ಎಲ್ಲರಿಗಿಂತ ಹೆಚ್ಚು ನೊಂದವರು ಸುಂದರರಾಜನ ತಂದೆ ಗೋಪಾಲಸ್ವಾಮಿಗಳು. ಜೀವಮಾನವೆಲ್ಲ ಮಿಡ್ಲ್ ಸ್ಕೂಲಿನಲ್ಲಿ ಚರಿತ್ರೆ ಪಾಠ ಹೇಳಿ ನಿವೃತ್ತರಾದವರು. ಸಾಯಂಕಾಲ ದೇವಸ್ಥಾನಕ್ಕೆ ಹೋದರೆ ತೀರ್ಥ ಕೊಡುವವರೂ "ಈ ವಾರ ಏನಾಯ್ತು ಮೇಷ್ಟ್ರೇ?" ಎಂದು ಕೇಳುತ್ತಿದ್ದರು.

"ಸೊರಟೂರಿನಲ್ಲಿ ಗೆದ್ದವರು ನಾವು ಕಣೋ! ಶಾಸನ ಇದೆ!" ಎಂದು ಮನೆಗೆ ಬಂದು ಮಗನ ಮೇಲೆ ಹಾಯುವರು.

"ದಾಳಕ್ಕೆ ಶಾಸನ ಓದಕ್ಕೆ ಬರಲ್ಲ, ಅಪ್ಪ."

"ನಿನಗೂ ಬರಲ್ಲ. ಆನೆಗಳನ್ನ ಹಿಂದೆ ಇಟ್ಟುಕೊಂಡು ಯಾವ ಮೂರ್ಖ ಯುದ್ಧ ಮಾಡ್ತಾನೆ?"

"ಅವಕ್ಕೆ ಬಣ್ಣ ಇನ್ನೂ ಒಣಗಿರಲಿಲ್ಲ."

ಹೀಗಿರುವಾಗ ನವರಾತ್ರಿ ಬಂತು. ಗೊಂಬೆ ಕೂರಿಸಲು ಶ್ರೀರಂಗಮ್ಮನವರು, ಎಂದರೆ ಸುಂದರರಾಜನ ತಾಯಿ, ಅಟ್ಟದ ಪೆಟ್ಟಿಗೆ ಇಳಿಸಿ ಮುಚ್ಚಳ ತೆಗೆದರೆ ಒಳಗೆ ಗೆದ್ದಲು ಸಂಸಾರ ಹೂಡಿತ್ತು. ದಶಾವತಾರದಲ್ಲಿ ಉಳಿದದ್ದು ಅರ್ಧ ಆಮೆ. ಬೇರೆ ಗಂಟಿನಲ್ಲಿದ್ದ ಪಟ್ಟದ ರಾಜರಾಣಿ ಗೊಂಬೆಗಳು ಮತ್ತು ಧಡೂತಿ ಶೆಟ್ಟಿ ಗೊಂಬೆ ಬಚಾವಾಗಿದ್ದವು. ಶ್ರೀರಂಗಮ್ಮ ಕಣ್ಣೀರು ಹಾಕುವ ಪೈಕಿಯಲ್ಲ. ಸುತ್ತ ನೋಡಿದರು. ಮೂಲೆಯಲ್ಲಿ ಮಗನ ಬಿಸ್ಕತ್ತು ಡಬ್ಬಗಳು ಕಂಡವು.

ಸುಂದರರಾಜ ಕಚೇರಿಯಿಂದ ಬಂದು ನೋಡುತ್ತಾನೆ, ನಡುಮನೆಯಲ್ಲಿ ಬಿಳಿ ಪಂಚೆ ಹಾಸಿದ ಮೆಟ್ಟಿಲುಗಳ ಮೇಲೆ ಅವನ ಎರಡೂ ಸೈನ್ಯಗಳು ಬೆರೆತು ನಿಂತಿವೆ, ಮದುವೆ ಮನೆಗೆ ಬಂದ ಬೀಗರ ಹಾಗೆ. ವೀರಬಲ್ಲಾಳನ ಪಕ್ಕದಲ್ಲೇ ಸೇವುಣ ರಾಜ. ಇಬ್ಬರ ನಡುವೆ ಬೆಳ್ಳಿ ಕುಂಕುಮದ ಭರಣಿ.

"ಅಮ್ಮ! ಭಾನುವಾರ ಆಟ ಇದೆ!"

"ಇರಲಿ. ಮಣ್ಣಿನ ಗೊಂಬೆ ಹೋಯ್ತು, ಮರದ ಗೊಂಬೆ ಹೋಯ್ತು. ಸೀಸ ತಿನ್ನೋ ಗೆದ್ದಲು ಇನ್ನೂ ಹುಟ್ಟಿಲ್ಲ. ಕೂರಿಸಿದ ಗೊಂಬೆ ವಿಜಯದಶಮಿವರೆಗೂ ಕೆಳಗಿಳಿಯೋ ಹಾಗಿಲ್ಲ."

ಭಾನುವಾರ ಚನ್ನಪ್ಪ ಬಂದಿಳಿದ. ಹಿಂದೆಯೇ ಅವನ ಹೆಂಡತಿ ವೆಂಕಟಲಕ್ಷ್ಮಮ್ಮ, ತಲೆ ತುಂಬ ಕನಕಾಂಬರ, ಮುಖ ತುಂಬ ಅನುಮಾನ. ಗೊಂಬೆ ನೋಡಲು ಕರೆದಿದ್ದಾರೆ ಎಂದು ಚನ್ನಪ್ಪ ಹೇಳಿದರೂ ಆಕೆ ಬಂದದ್ದು ಬೇರೆ ಕಾರಣಕ್ಕೆ. ನಡುಮನೆಗೆ ಬಂದು ಮೆಟ್ಟಿಲುಗಳನ್ನು ಮೇಲಿಂದ ಕೆಳಗೆ ನೋಡಿ ಉಸಿರುಬಿಟ್ಟಳು.

"ವಾರ ವಾರ ಕ್ರಾಪು ಬಾಚ್ಕಂಡು ಬಸ್ ಹತ್ತೋರು. ಬೇಲೂರಿನಾಗೆ ಯಾವಳೋ ಅವ್ಳೆ ಅಂದ್ಕಂಡಿದ್ದೆ ಕಣ್ರಮ್ಮಾ. ನೋಡಿದ್ರೆ ಇವು!"

"ನಮ್ಮ ಮನೆಯವರದ್ದೂ ಇದೇ ಕಥೆ," ಎಂದಳು ಕೋಮಲವಲ್ಲಿ. "ಯಾವಳಾದರೂ ಇದ್ದಿದ್ದರೆ ಮನೇಲಿ ಬಣ್ಣದ ವಾಸನೆಯಾದರೂ ಇರ್ತಿರಲಿಲ್ಲ."

ಚನ್ನಪ್ಪನಿಗೆ ಇದಾವುದೂ ಕಿವಿಗೆ ಬೀಳಲಿಲ್ಲ. ಅವನು ಮೆಟ್ಟಿಲುಗಳನ್ನೇ ನೋಡುತ್ತಿದ್ದ. "ಅಮ್ಮಾವ್ರೆ, ಗೊಂಬೆ ಕೆಳಗಿಳೀಬಾರ್ದು, ಸರಿ. ಮೆಟ್ಲ ಮ್ಯಾಲೇ ಓಡಾಡಬೌದೋ?"

ಶ್ರೀರಂಗಮ್ಮ ಯೋಚಿಸಿದರು. ಇದರ ಬಗ್ಗೆ ಅವರ ಅತ್ತೆ ಏನೂ ಹೇಳಿರಲಿಲ್ಲ. "ಓಡಾಡಬಹುದು," ಎಂದರು.

ಹೊಯ್ಸಳರು ಮೇಲಿನ ಮೆಟ್ಟಿಲುಗಳಲ್ಲಿ, ಪಟ್ಟದ ಗೊಂಬೆಗಳ ಸುತ್ತ ಕೋಟೆ ಕಾಯಲು ನಿಂತರು. ಸೇವುಣರು ಕೆಳಗಿನಿಂದ ಹತ್ತಬೇಕು. ಮೊದಲ ಆಟ ಮುಗಿಯುವುದರೊಳಗೇ ಜಗಳ ಶುರುವಾಯಿತು. ಕುದುರೆ ಮೆಟ್ಟಿಲು ಹತ್ತಿದರೆ ಎಷ್ಟು ಅಂಗುಲ ಕಳೆಯಬೇಕು? ಸುಂದರರಾಜ ಪೂರ್ತಿ ಕಳೆಯಬೇಕೆಂದ, ಚನ್ನಪ್ಪ ನಮ್ಮ ಕುದುರೆ ಬೆಟ್ಟದ ಕುದುರೆ ಎಂದ, ಗೋಪಾಲಸ್ವಾಮಿಗಳು ದೇವಗಿರಿಯಲ್ಲಿ ಬೆಟ್ಟ ಎಷ್ಟು ಎತ್ತರ ಎಂದು ಪಾಠ ಶುರುಮಾಡಿದರು. ಮೂವರೂ ಒಟ್ಟಿಗೆ ಬಗ್ಗಿದಾಗ ಚನ್ನಪ್ಪನ ಮೊಣಕೈ ಶೆಟ್ಟಿ ಗೊಂಬೆಯ ಅಂಗಡಿಗೆ ತಾಗಿ ಅಕ್ಕಿ, ತೊಗರಿಬೇಳೆ, ಕಡಲೆ ಎಲ್ಲ ಸೇವುಣರ ಪಾಳೆಯದ ಮೇಲೆ ಸುರಿಯಿತು. ಆಗಲೇ ಕುಂಕುಮಕ್ಕೆ ಬಂದ ಹೆಂಗಸರು ಬಾಗಿಲಲ್ಲಿ ನಿಂತಿದ್ದರು.

"ಮೂರೂ ಜನ ಹೊರಗೆ!" ಎಂದರು ಶ್ರೀರಂಗಮ್ಮ.

ಮೂವರೂ ಜಗಲಿಗೆ ಬಂದು ಕೂತರು. ಒಳಗೆ ಕೋಮಲವಲ್ಲಿ ಬೇಳೆ ಬಳಿದು ಗೊಂಬೆ ಸರಿಪಡಿಸಲು ಹೋದಳು. ವೆಂಕಟಲಕ್ಷ್ಮಮ್ಮ ಕೈ ಹಿಡಿದು ತಡೆದಳು.

"ಇರಲಿ ಬುಡವ್ವ. ಅರ್ಧಕ್ಕೆ ಯಾಕ್ ನಿಲ್ಸೀರಿ? ನಮ್ಮೋರ್ದು ಗೆಲ್ಲಂಗೈತೆ."

ಶ್ರೀರಂಗಮ್ಮ ಅರಿಶಿನದ ತಟ್ಟೆ ಕೆಳಗಿಟ್ಟರು. "ಗೆಲ್ಲೋ ಹಾಗಿದೆ ಅಂತ ಯಾರು ಹೇಳಿದ್ದು?"

ಮದುವೆಗೆ ಮುಂಚೆ ತವರಿನಲ್ಲಿ ಪಗಡೆ ಆಡಿ ಸೋದರಮಾವಂದಿರನ್ನು ಅಳಿಸಿದ್ದ ಕೈ ಅದು. ಸೆರಗು ಸೊಂಟಕ್ಕೆ ಸಿಕ್ಕಿಸಿ, ದಾಳ ತೆಗೆದುಕೊಂಡು ಉಜ್ಜಿದರು.

ಜಗಲಿಯಲ್ಲಿ ಕೂತ ಮೂವರಿಗೆ ದಾಳದ ಸದ್ದು, ಹೆಂಗಸರ ಕೂಗು ಮಾತ್ರ ಕೇಳುತ್ತಿತ್ತು. ಕೋಮಲವಲ್ಲಿ ಆಗಾಗ ಕಿಟಕಿಗೆ ಬಂದು ವರದಿ ಒಪ್ಪಿಸಿ ಓಡುತ್ತಿದ್ದಳು.

"ನನ್ನ ಸೀಮಂತದ ಸೀರೆಯವರೆಲ್ಲ ಸತ್ತರು."

"ರಾವುತರು!" ಸುಂದರರಾಜ ಎದೆ ಹಿಡಿದುಕೊಂಡ. "ಅಮ್ಮನ ಪಟ್ಟೆಸೀರೆಯವರು?"

"ಅರ್ಧ ಜನ ಹೋದರು."

"ಹಾಗಾದರೆ ದಾಳ ಹಾಕಬೇಕು. ಕಡಿಮೆ ಬಿದ್ದರೆ ಓಡಬೇಕು."

ಒಳಗಿನಿಂದ ಶ್ರೀರಂಗಮ್ಮನವರ ಧ್ವನಿ ಬಂತು. "ಯಾರು ಓಡೋದು? ನನ್ನ ಮನೇಲಿ ತಿಂದು ಬೆಳೆದೋರು ಒಬ್ಬರೂ ಓಡಲ್ಲ! ಎಳಿಯೇ ಆನೆಗಳನ್ನ ಮುಂದಕ್ಕೆ."

"ಆನೆ ಕೆಳಗಿಳೀತಾವೆ! ಗೊಂಬೆ ಇಳೀಬಾರ್ದು ಅಂದ್ರಲ್ಲ ಅಮ್ಮಾರೆ?" ಇದು ವೆಂಕಟಲಕ್ಷ್ಮಮ್ಮ.

"ಅದು ಗೊಂಬೆಗೆ. ಇದು ಸೈನ್ಯ."

ಗೋಪಾಲಸ್ವಾಮಿಗಳು ಕಣ್ಣು ಮುಚ್ಚಿ ಏನೋ ಗುನುಗಿದರು. ಅದು ಸ್ತೋತ್ರವೋ ಬೈಗುಳವೋ ಪಕ್ಕದಲ್ಲಿದ್ದವರಿಗೂ ತಿಳಿಯಲಿಲ್ಲ.

ವೆಂಕಟಲಕ್ಷ್ಮಮ್ಮನೂ ಸಾಮಾನ್ಯಳಲ್ಲ. ಮೂಲೆಯಲ್ಲಿ ಮರೆತುಹೋಗಿದ್ದ ಒಬ್ಬ ಸೇವುಣ ರಾವುತನನ್ನು ಕಳಶದ ಹಿಂದಿನಿಂದ ಸದ್ದಿಲ್ಲದೆ ಹತ್ತಿಸಿ, ಪಟ್ಟದ ಗೊಂಬೆಯ ಕೆಳಗಿನ ಮೆಟ್ಟಿಲಿಗೆ ತಂದು ನಿಲ್ಲಿಸಿದಳು. ಮೇಲೆ ಕಾವಲಿಗೆ ಯಾರೂ ಇರಲಿಲ್ಲ. ಇನ್ನೊಂದು ಹೆಜ್ಜೆ ಇಟ್ಟರೆ ಹೊಯ್ಸಳರ ರಾಜಧಾನಿ ದ್ವಾರಸಮುದ್ರ ಬೀಳುತ್ತಿತ್ತು. ಕುಂಕುಮಕ್ಕೆ ಬಂದ ಹೆಂಗಸರು ಕೋಸಂಬರಿ ಬಾಯಿಗಿಡುವುದನ್ನು ನಿಲ್ಲಿಸಿದರು.

ಶ್ರೀರಂಗಮ್ಮ ಅತ್ತಿತ್ತ ನೋಡಿದರು. ಕೈ ಚಾಚಿ ಶೆಟ್ಟಿ ಗೊಂಬೆಯನ್ನು ಎತ್ತಿ ರಾವುತನ ಮುಂದೆ ಇಟ್ಟರು. ಶೆಟ್ಟಿಯ ಹೊಟ್ಟೆಯೇ ಕುದುರೆಯಷ್ಟಿತ್ತು.

"ಇದೇನ್ರೀ!"

"ಊರು ಹೋಗ್ತಿರುವಾಗ ಅಂಗಡಿ ತೆಗೆದುಕೊಂಡು ಕೂತಿರ್ತಾನಾ? ಹಾಕಮ್ಮ ದಾಳ."

ವೆಂಕಟಲಕ್ಷ್ಮಮ್ಮನಿಗೆ ಇದು ನ್ಯಾಯವೆನಿಸಿತು. ದಾಳ ಹಾಕಿದಳು, ಎರಡು ಬಿತ್ತು. ಶ್ರೀರಂಗಮ್ಮ ಹಾಕಿದರು, ಹನ್ನೆರಡು. ರಾವುತ ಬಿದ್ದ. ಮುಂದಿನ ಸರದಿಗೆ ಆನೆಗಳು ಸೇವುಣ ರಾಜನನ್ನು ಸುತ್ತುವರಿದವು.

"ಸೆರೆ ಹಿಡೀರಿ ಅತ್ತೆ, ಕಪ್ಪ ತಗೊಂಡು ಬಿಟ್ಟುಬಿಡಿ," ಎಂದಳು ಕೋಮಲವಲ್ಲಿ, ಗಂಡನ ನಿಯಮ ನೆನಪಿಸಿಕೊಂಡು.

"ಬಿಟ್ಟರೆ ಮುಂದಿನ ವಾರ ಮತ್ತೆ ಬರ್ತಾನೆ," ಎಂದು ಶ್ರೀರಂಗಮ್ಮ ರಾಜನನ್ನು ಎರಡು ಬೆರಳಲ್ಲಿ ಎತ್ತಿ ಬಾಳೆಹಣ್ಣಿನ ತಟ್ಟೆಯಲ್ಲಿ ಅಡ್ಡ ಮಲಗಿಸಿದರು.

ಒಳಗೆ ಎದ್ದ ಗದ್ದಲಕ್ಕೆ ಗಂಡಸರು ಅಪ್ಪಣೆ ಕಾಯದೆ ನುಗ್ಗಿದರು. ಗೋಪಾಲಸ್ವಾಮಿಗಳು ಮೆಟ್ಟಿಲು ನೋಡಿದರು, ತಟ್ಟೆ ನೋಡಿದರು, ಹೆಂಡತಿಯನ್ನು ನೋಡಿದರು. "ಸೊರಟೂರು!" ಎಂದು ಕೂಗಿ, ಶಲ್ಯ ಹೆಗಲಿಗೆಸೆದು, ಚಪ್ಪಲಿಯನ್ನೂ ಮೆಟ್ಟದೆ ದೇವಸ್ಥಾನದ ಕಡೆ ಓಡಿದರು. ತೀರ್ಥ ಕೊಡುವವರಿಗೆ ಮೊದಲು ತಿಳಿಯಬೇಕಿತ್ತು.

ಸುಂದರರಾಜ ನಿಂತೇ ಇದ್ದ. ಖುಷಿಯಾಗಬೇಕಿತ್ತು, ಆಯಿತು ಕೂಡ. ಆದರೆ ವರ್ಷವೆಲ್ಲ ಅವನು ಸೋತದ್ದನ್ನು ಅಮ್ಮ ಕುಂಕುಮ ಕೊಡುವ ಬಿಡುವಿನಲ್ಲಿ ಗೆದ್ದಿದ್ದರು.

"ನನ್ನ ನಿಯಮದಲ್ಲಿ ಶೆಟ್ಟಿ ಇಲ್ಲ, ಅಮ್ಮ."

"ಅದಕ್ಕೇ ನೀನು ಸೋಲ್ತಿದ್ದೆ," ಎಂದರು ಅವರು, ದಾಳವನ್ನು ಮಗನಿಗೆ ಕೊಡದೆ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತ. ಆಮೇಲೆ ಬಗ್ಗಿ ಒಂದು ಆನೆಯನ್ನು ಸರಿಯಾಗಿ ನಿಲ್ಲಿಸಿ, ಅದರ ಬೆನ್ನಿನ ಜೂಲನ್ನು ಬೆರಳಿನಿಂದ ಮುಟ್ಟಿ ನೋಡಿದರು. "ಇದು ಚೆನ್ನಾಗಿ ಮಾಡಿದೀಯ ಕಣೋ. ನಾನು ನೋಡೇ ಇರಲಿಲ್ಲ."

ಅವನ ಜೀವನದಲ್ಲಿ ಅಮ್ಮ ಸೀಸದ ಬಗ್ಗೆ ಆಡಿದ ಮೊದಲ ಒಳ್ಳೆಯ ಮಾತು ಅದು.

ವೆಂಕಟಲಕ್ಷ್ಮಮ್ಮ ಬಾಗಿನ ಹಿಡಿದು ಬಸ್ಸಿಗೆ ಹೊರಡುವಾಗ ಹೊಸಿಲ ಮೇಲೆ ನಿಂತು, "ಬರೋ ಭಾನ್ವಾರ ಬತ್ತೀನಿ ಅಮ್ಮಾರೆ, ನೋಡವ," ಎಂದಳು. ಬಂದಳು. ಅದರ ಮುಂದಿನ ಭಾನುವಾರವೂ ಬಂದಳು. ನವರಾತ್ರಿ ಮುಗಿದು ಮೆಟ್ಟಿಲು ಬಿಚ್ಚಿದರೂ ಯುದ್ಧ ನಡುಮನೆ ಬಿಟ್ಟು ಹೊರಗೆ ಬರಲಿಲ್ಲ. ಗೋಪಾಲಸ್ವಾಮಿಗಳು ತೀರ್ಪುಗಾರರಾಗಿ ಒಳಗೆ ಸೇರಿಕೊಳ್ಳಲು ನೋಡಿದರು. ಹೊಯ್ಸಳರ ಕಡೆ ವಾಲುತ್ತಾರೆಂದು ವೆಂಕಟಲಕ್ಷ್ಮಮ್ಮ, ಪಾಠ ಮಾಡುತ್ತಾರೆಂದು ಶ್ರೀರಂಗಮ್ಮ, ಇಬ್ಬರೂ ಸೇರಿ ವಜಾ ಮಾಡಿದರು.

ಜಗಲಿಯ ಮೇಲೆ ಸುಂದರರಾಜ ಮತ್ತು ಚನ್ನಪ್ಪ ಉಳಿದರು. ಒಳಗೆ ಹೊಸ ಪಡೆ ಬೇಕೆಂದು ಒತ್ತಾಯ ಇತ್ತು, ಆದ್ದರಿಂದ ಬಣ್ಣದ ಕೆಲಸ ಕೈತುಂಬ. ಚನ್ನಪ್ಪ ಕೆಲವು ವಾರ ಸುಮ್ಮನೆ ಕೂತು ನೋಡಿದ. ಆಮೇಲೆ ಒಂದು ದಿನ ಕೇಳಿದ.

"ಸ್ವಾಮಿ, ಕುದ್ರೆಗೆ ಕಣ್ ಬರೆಯೋದು ಹೆಂಗೆ?"

ಸುಂದರರಾಜ ಕುಂಚವನ್ನು ಅವನ ಕೈಗೆ ಕೊಟ್ಟ. "ಮೊದಲು ಬಿಳಿ. ಅದು ಒಣಗಲಿ. ಆಮೇಲೆ ಕರಿ ಚುಕ್ಕೆ. ಚುಕ್ಕೆ ಇಡುವಾಗ ಉಸಿರು ಬಿಡಬಾರದು."

ಚನ್ನಪ್ಪ ಉಸಿರು ಹಿಡಿದ. ಒಂದು ಚುಕ್ಕೆ ಇಟ್ಟ, ಕುದುರೆ ತಿರುಗಿಸಿ ಇನ್ನೊಂದು ಇಟ್ಟ. ದೂರ ಹಿಡಿದು ನೋಡಿದ. ಒಂದು ಕಣ್ಣು ಬೇಲೂರಿನ ಕಡೆ, ಇನ್ನೊಂದು ಹಗರೆಯ ಕಡೆ.

"ಮೆಳ್ಳೆಗಣ್ಣಾಯ್ತಲ್ಲ ಸ್ವಾಮಿ."

"ಒರೆಸಿ ಮತ್ತೆ ಬರೆಯೋಣ ಬಿಡಿ."

"ಬ್ಯಾಡ," ಎಂದ ಚನ್ನಪ್ಪ, ಕುದುರೆಯನ್ನು ಬಿಸಿಲಿಗೆ ಒಣಗಲು ಇಡುತ್ತ. "ಎಲ್ಡೂ ಕಡೆ ನೋಡ್ಕಂಡು ಬದುಕ್ಕಳ್ಳಿ."