ರಾಜಗೋಪಾಲರಿಗೆ ಹೆಂಡತಿ ಇದ್ದಾಳೆಂಬ ಆಕ್ಷೇಪಣೆ

ಕುವೈತಿನ ಖೈತಾನಿನಲ್ಲಿ ನನ್ನದೊಂದು ಟೈಪಿಂಗ್ ಅಂಗಡಿ ಇದೆ. ಮೂವತ್ತು ವರ್ಷಗಳಿಂದ ಕಂಡವರ ಅರ್ಜಿಗಳನ್ನೆಲ್ಲ ಅರಬ್ಬಿಗೆ ತಿರುಗಿಸಿ ಕೊಡುತ್ತಿದ್ದೇನೆ. ಸರ್ಕಾರ ಎಲ್ಲವನ್ನೂ ಮೊಬೈಲಿಗೆ ಹಾಕಿದ ಮೇಲೆ ವಿಲ್ಫ್ರೆಡ್ ಬಾಗಿಲು ಹಾಕುತ್ತಾನೆ ಎಂದು ನೆಂಟರೆಲ್ಲ ಕಾದರು. ಮೊಬೈಲು ಕೇಳುವ ಪ್ರಶ್ನೆಗಳಿಗೆ ಉತ್ತರ ತಿಳಿಯದೆ ಜನ ಮೊದಲಿಗಿಂತ ಹೆಚ್ಚಾಗಿ ಬಂದರು. ಹಾಗೆ ಬಂದವರಲ್ಲಿ ರಾಜಗೋಪಾಲರೂ ಒಬ್ಬರು.

ರಾಜಗೋಪಾಲರು ಹಾಸನದ ಕಡೆಯ ಸಿವಿಲ್ ಎಂಜಿನಿಯರು. ಎಷ್ಟು ಭಾರಕ್ಕೆ ಎಷ್ಟು ಕಬ್ಬಿಣ ಎಂದು ನಿದ್ದೆಯಲ್ಲೂ ಹೇಳುತ್ತಾರೆ. ಎಷ್ಟು ಅಕ್ಕಿಗೆ ಎಷ್ಟು ನೀರು ಎಂದು ಮಾತ್ರ ಗೊತ್ತಿಲ್ಲ. ಅದು ಅವರ ಹೆಂಡತಿ ರಾಜಮ್ಮನವರ ಇಲಾಖೆ. ನಿವೃತ್ತಿಗೆ ಇನ್ನೆರಡು ವರ್ಷವಿತ್ತು. ಅಷ್ಟರಲ್ಲಿ ರಾಜಮ್ಮನವರ ಇಕಾಮಾ, ಅಂದರೆ ಇಲ್ಲಿ ವಾಸವಿರಲು ಕೊಡುವ ಪರವಾನಗಿ, ನವೀಕರಿಸಲು ಹೋದರೆ ಕಂಪ್ಯೂಟರು ಒಪ್ಪಲಿಲ್ಲ. ಇಪ್ಪತ್ತಾರು ವರ್ಷದಿಂದ ಗಂಡನ ಜೊತೆ ಇಲ್ಲೇ ಇದ್ದಾಕೆಯ ಫೈಲಿನಲ್ಲಿ ವಿವಾಹ ಪತ್ರವೇ ಇಲ್ಲವಂತೆ. ನಲವತ್ತು ದಿನದೊಳಗೆ ತಂದುಕೊಡದಿದ್ದರೆ ಆಕೆ ಒಬ್ಬರೇ ಊರಿಗೆ ಹೊರಡಬೇಕು.

ಇಲ್ಲದೆ ಏನು? ಆ ಫೈಲನ್ನು ನಾನೇ ತುಂಬಿಕೊಟ್ಟಿದ್ದೆ. ಅವರ ಮದುವೆ ನಡೆದದ್ದು ಹಾಸನದ ಒಂದು ಛತ್ರದಲ್ಲಿ, ನೋಂದಣಿ ಮಾಡಿಸುವ ಯೋಚನೆ ಯಾರಿಗೂ ಬಂದಿರಲಿಲ್ಲ. ಮದುವೆಯ ಕಾಗದ ತನ್ನಿ ಎಂದಾಗ ರಾಜಗೋಪಾಲರು ಛತ್ರದ ರಶೀದಿ ತಂದರು. ಅದರ ಮೇಲೆ ರೆವಿನ್ಯೂ ಸ್ಟಾಂಪು ಇತ್ತು, ಅಡ್ಡಲಾಗಿ ಸಹಿ ಇತ್ತು. ನಾನು ಪ್ರಾಮಾಣಿಕವಾಗಿ ಒಂದಕ್ಷರ ಬಿಡದೆ ಅನುವಾದಿಸಿದೆ: ದೊಡ್ಡ ಹಂಡೆ ಎರಡು, ಜಮಖಾನ ಆರು. ಕೆಳಗೆ ದುಂಡನೆಯ ಸೀಲು ಬಿತ್ತು. ಆ ಕಾಲದಲ್ಲಿ ಸೀಲು ನೋಡುತ್ತಿದ್ದರೇ ಹೊರತು ಕಾಗದ ಓದುತ್ತಿರಲಿಲ್ಲ. ಈಗ ಹಳೆಯ ಫೈಲುಗಳನ್ನು ಕಂಪ್ಯೂಟರಿಗೆ ಏರಿಸುವಾಗ ಯಾವನೋ ಪುಣ್ಯಾತ್ಮ ಓದಿಬಿಟ್ಟಿದ್ದ.

ಇಕಾಮಾ ಕೌಂಟರಿನಲ್ಲಿ ಮುತ್ತಲಿಬ್ ಎಂಬ ಗುಮಾಸ್ತನಿದ್ದ. ಒಳ್ಳೆಯ ಮನುಷ್ಯ, ಮೂರು ಸಲ ಚಹಾ ಕೊಡಿಸಿದ. ನಾವು ರಾಜಮ್ಮನವರ ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ಗಂಡನ ಹೆಸರು ತೋರಿಸಿದೆವು.

"ಇದರಲ್ಲಿ ಹೆಸರು ಇದೆ ಭಾಯಿ, ಮದುವೆ ಇಲ್ಲ," ಎಂದ.

ಮಗಳು ಶ್ರಾವಣಿಯ ಜನನ ಪತ್ರ ತೋರಿಸಿದೆವು. ಮಗಳು ಹುಟ್ಟಿದ್ದಾಳೆ ಎನ್ನುವುದರಲ್ಲಿ ಅವನಿಗೆ ಅನುಮಾನವೇ ಇರಲಿಲ್ಲ.

ಊರಿಗೆ ಹೋಗಿ ನೋಂದಣಿ ಮಾಡಿಸೋಣವೆಂದರೆ ಅದೂ ಆಗದು. ಫೈಲು ಅರ್ಧದಲ್ಲಿರುವಾಗ ದೇಶ ಬಿಟ್ಟರೆ ರಾಜಮ್ಮ ವಾಪಸು ಬರುವಂತಿರಲಿಲ್ಲ.

ಕುವೈತ್ ಸಿಟಿಯಲ್ಲಿ ನಮ್ಮವರ ಮದುವೆಗಳನ್ನು ನೋಂದಾಯಿಸುವ ಕಚೇರಿಯೊಂದಿದೆ. ಯಾವುದೆಂದು ಹೇಳುವುದಿಲ್ಲ, ನಾಳೆ ನಾನೂ ಅಲ್ಲಿಗೇ ಹೋಗಬೇಕು. ಅಲ್ಲಿನ ಅಧಿಕಾರಿ ಆಶಾಲತಾ ಮೇಡಂ ನಮ್ಮ ಕತೆಯನ್ನು ಪೂರ್ತಿ ಕೇಳಿದರು.

"ಆಗಿಹೋದ ಮದುವೆಗೆ ನಮ್ಮಲ್ಲಿ ಫಾರಂ ಇಲ್ಲ. ಆಗಬೇಕಾದ ಮದುವೆಗೆ ಇದೆ. ಇನ್ನೊಂದು ಸಲ ಆಗಿಬಿಡಿ," ಎಂದರು.

ಮೂವತ್ತು ದಿನ ನೋಟಿಸ್ ಬೋರ್ಡಿನಲ್ಲಿ ಹೆಸರು ಹಾಕುತ್ತಾರೆ. ಯಾರ ಆಕ್ಷೇಪಣೆಯೂ ಬಾರದಿದ್ದರೆ ಮದುವೆ ಮಾಡಿಸಿ ಪತ್ರ ಕೊಡುತ್ತಾರೆ. ಅರ್ಜಿಗೆ ಸದ್ಯಕ್ಕೆ ವರನ ಸಹಿ ಸಾಕು, ವಧುವಿನದು ಕೊನೆಯ ದಿನ. ಜೊತೆಗೆ ಒಂದು ಅಫಿಡವಿಟ್ಟು. ಪಾಸ್‌ಪೋರ್ಟಿನ ಮೊದಲ ಪುಟ ಮಾತ್ರ ಕೇಳುತ್ತಾರೆ. ಹೆಂಡತಿಯ ಹೆಸರಿರುವುದು ಕೊನೆಯ ಪುಟದಲ್ಲಿ.

ಅಫಿಡವಿಟ್ಟನ್ನು ಟೈಪ್ ಮಾಡಿದವನೂ ನಾನೇ. ರಾಜಗೋಪಾಲರು ನನ್ನ ಅಂಗಡಿಯಲ್ಲಿ ನಿಂತುಕೊಂಡೇ ಸಹಿ ಜಡಿದರು. ಪಕ್ಕದಲ್ಲಿದ್ದ ರಾಜಮ್ಮ ಕಾಗದ ಎಳೆದುಕೊಂಡು ಕನ್ನಡಕ ಏರಿಸಿದರು.

"ಇದ್ರಲ್ಲಿ ಏನ್ ಬರ್ದಿದೆ ಓದಿದ್ರಾ?"

"ಅದೆಲ್ಲ ಫಾರ್ಮಾಲಿಟಿ ಕಣೆ."

"ನಾನು ಈವರೆಗೆ ಯಾರನ್ನೂ ಮದುವೆಯಾಗಿರುವುದಿಲ್ಲ. ನನಗೆ ಜೀವಂತ ಹೆಂಡತಿ ಇರುವುದಿಲ್ಲ." ಗಟ್ಟಿಯಾಗಿ ಓದಿ ಆಕೆ ತಲೆಯೆತ್ತಿದರು. "ಮತ್ತೆ ನಾನ್ ಯಾರ್ರೀ? ಸತ್ತೋಗಿದೀನಾ?"

"ಅಯ್ಯೋ, ನಿನ್ನ ಇಲ್ಲಿ ಉಳಿಸ್ಕೊಳ್ಳೋಕೇ ಅಲ್ವೇನೆ ಇಷ್ಟೆಲ್ಲ!" ಎಂದು ರಾಜಗೋಪಾಲರು ಗಡಿಯಾರ ನೋಡಿದರು. ಸೈಟಿನಲ್ಲಿ ಕಾಂಕ್ರೀಟು ಕಾಯುತ್ತಿತ್ತು. ರಾಜಮ್ಮ ಅದರದ್ದೊಂದು ಜೆರಾಕ್ಸ್ ಪ್ರತಿ ಕೇಳಿ ಪಡೆದು ಚೀಲಕ್ಕೆ ಹಾಕಿಕೊಂಡರು. ನನಗೆ ನಾಚಿಕೆಯಾಯಿತು. ಆದರೂ ಮುಂದಿನ ಗಿರಾಕಿಯನ್ನು ಕರೆದೆ.

ನೋಟಿಸು ಬೋರ್ಡಿಗೆ ಏರಿತು: ರಾಜಗೋಪಾಲ, ಐವತ್ತೆಂಟು, ಅವಿವಾಹಿತ. ವಧು: ರಾಜಮ್ಮ. ಬೋರ್ಡನ್ನು ಯಾರು ಓದುತ್ತಾರೆ ಎಂದುಕೊಂಡಿದ್ದೆವು. ಯಾವನೋ ಫೋಟೋ ಹೊಡೆದು ವಾಟ್ಸಾಪಿಗೆ ಬಿಟ್ಟ. ಖೈತಾನಿನ ತರಕಾರಿ ಅಂಗಡಿಯಲ್ಲಿ ಹೆಂಗಸರು ರಾಜಮ್ಮನವರ ಕೈಹಿಡಿದು ಧೈರ್ಯ ಹೇಳಿದರು. ಕನ್ನಡ ಸಂಘದ ಗಂಡಸರು ರಾಜಗೋಪಾಲರನ್ನು ಹೊಸ ಗೌರವದಿಂದ ನೋಡಿದರು. ವಧುವಿನ ಹೆಸರು ಓದಿದವರು ಇನ್ನೂ ಮುಂದೆ ಹೋದರು: ಕರೆಯುವಾಗ ಬಾಯಿ ತಪ್ಪದಿರಲೆಂದು ಅದೇ ಹೆಸರಿನವಳನ್ನೇ ಹುಡುಕಿದ್ದಾನೆ, ಎಂಜಿನಿಯರ್ ಅಲ್ಲವೇ! ಶ್ರಾವಣಿ ದುಬೈಯಿಂದ ಫೋನ್ ಮಾಡಿ, "ಅಮ್ಮಾ, ಆರ್ ಯೂ ಗೈಸ್ ಓಕೆ?" ಎಂದಳಂತೆ. ರಾಜಗೋಪಾಲರು ನಗುತ್ತಲೇ ಇದ್ದರು. ರಾಜಮ್ಮ ನಗಲಿಲ್ಲ.

ಇಪ್ಪತ್ತೆಂಟನೆಯ ದಿನ ಮಧ್ಯಾಹ್ನ ಆಕೆ ಒಬ್ಬರೇ ನನ್ನ ಅಂಗಡಿಗೆ ಬಂದರು.

"ವಿಲ್ಫ್ರೆಡ್ ಅವ್ರೇ, ಆಕ್ಷೇಪಣೆಗೆ ಒಂದು ಫಾರಂ ಇದೆಯಂತಲ್ಲ. ಟೈಪ್ ಮಾಡಿ."

"ಎಂತ ಅಕ್ಕ ನೀವು! ಇನ್ನು ಎರಡು ದಿನ ಉಂಟು ಅಷ್ಟೆ. ಇದನ್ನು ಕೊಟ್ರೆ ಎಲ್ಲ ಖಲಾಸ್. ನೀವು ಊರಿಗೆ ಹೋಗ್ಬೇಕಾಗ್ತದೆ."

"ಹೋಗ್ತೀನಿ. ಹೆಂಡ್ತಿ ಅಂತ ಹೋಗ್ತೀನಿ. ಇಪ್ಪತ್ತಾರು ವರ್ಷ ಇವ್ರ ಮನೇಲಿ ಯಾರೋ ಆಗಿದ್ದೆ ಅಂತ ನಾಡಿದ್ದು ನಾನೂ ಸಹಿ ಹಾಕ್ಬೇಕಾ? ನನ್ ಕೈಲಾಗಲ್ಲ."

ಟೈಪ್ ಮಾಡಿದೆ. ಆಕ್ಷೇಪಿಸುವವರ ಹೆಸರು: ರಾಜಮ್ಮ. ಆಕ್ಷೇಪಣೆಯ ಕಾರಣ: ವರನಿಗೆ ಈಗಾಗಲೇ ಜೀವಂತ ಹೆಂಡತಿ ಇದ್ದಾಳೆ. ಆ ಹೆಂಡತಿಯ ಹೆಸರು: ರಾಜಮ್ಮ. ಮೂವತ್ತು ವರ್ಷದಲ್ಲಿ ಇಷ್ಟು ನಿಜ ಇರುವ ಫಾರಂ ನಾನು ತುಂಬಿರಲಿಲ್ಲ.

ವಿಚಾರಣೆ ಕೊನೆಯ ದಿನ ನಡೆಯಿತು. ನಲವತ್ತರಲ್ಲಿ ಏಳು ದಿನ ಉಳಿದಿತ್ತು. ಸಾಕ್ಷಿ ಎಂದು ನನ್ನನ್ನೂ ಕೂರಿಸಿದ್ದರು. ಮದುವೆಯ ಡ್ರೆಸ್ಸು ಎಂದು ಕೋಟು ಹಾಕಿಕೊಂಡು ಬಂದಿದ್ದ ರಾಜಗೋಪಾಲರಿಗೆ ವಿಷಯ ತಿಳಿದದ್ದೇ ಅಲ್ಲಿ. ಅವರ ಮುಖ ನೋಡಲಾಗಲಿಲ್ಲ.

ಆಶಾಲತಾ ಮೇಡಂ ವಧುವಿನ ಕುರ್ಚಿ ಒಂದು, ಆಕ್ಷೇಪಣೆಯವರ ಕುರ್ಚಿ ಒಂದು ಎಂದು ತೋರಿಸಿದರು. ರಾಜಮ್ಮ ಎರಡನೆಯದರಲ್ಲಿ ಕೂತರು. ವಧು ಗೈರುಹಾಜರು ಎಂದು ಬರೆದುಕೊಂಡು ಮೇಡಂ ರಾಜಗೋಪಾಲರ ಕಡೆ ತಿರುಗಿದರು.

"ಪ್ರಮಾಣ ಮಾಡಿ ಹೇಳಿ. ಈಕೆ ನಿಮ್ಮ ಹೆಂಡತಿಯೇ? ಅಲ್ಲ ಎಂದರೆ ಆಕ್ಷೇಪಣೆ ತಳ್ಳಿಹಾಕಿ ಈಗಲೇ ಮದುವೆ ಮಾಡಿಸುತ್ತೇನೆ. ಹೌದು ಎಂದರೆ ನಿಮ್ಮ ಅರ್ಜಿ ರದ್ದು."

ಅಲ್ಲ ಎಂದರೆ ಆಕೆ ಹೆಂಡತಿಯಾಗುತ್ತಾರೆ, ಹೌದು ಎಂದರೆ ಆಗುವುದಿಲ್ಲ. ಇಂಥ ಬುದ್ಧಿವಂತ ಪ್ರಶ್ನೆ ಕಚೇರಿಗಳಿಗೆ ಮಾತ್ರ ಹೊಳೆಯುತ್ತದೆ. ರಾಜಗೋಪಾಲರು ಮೇಜಿನ ಮೇಲಿನ ಕ್ಯಾಲೆಂಡರ್ ನೋಡಿದರು. ನನ್ನನ್ನು ನೋಡಿದರು. ಎಲ್ಲಿ ಅಲ್ಲ ಎಂದುಬಿಡುತ್ತಾರೋ ಎಂದು ನನಗೆ ಭಯ. ಕೊನೆಗೆ ಅವರು ಹೆಂಡತಿಯನ್ನು ನೋಡಿದರು. ಆಕೆ ಇವರನ್ನು ನೋಡುತ್ತಿರಲಿಲ್ಲ, ಗೋಡೆಯ ಕಡೆ ದೃಷ್ಟಿ ನೆಟ್ಟು ಕೂತಿದ್ದರು.

"ಹೌದು ಮೇಡಂ," ಎಂದರು. "ಇವಳೇ ನನ್ ಹೆಂಡ್ತಿ. ಆ ಕಾಗ್ದ ಸುಳ್ಳು. ಓದ್ದೆ ಸಹಿ ಹಾಕ್ಬಿಟ್ಟೆ."

ಸುಳ್ಳು ಅಫಿಡವಿಟ್ಟಿಗೆ ಕೇಸು ಹಾಕಬೇಕಾಗುತ್ತದೆ ಎಂದರು ಮೇಡಂ. ಆದರೆ ಅದನ್ನು ನೋಡಿಕೊಳ್ಳುವವರು ರಜೆಯಲ್ಲಿದ್ದರು, ಅವರ ಬದಲಿಗೆ ಯಾರೂ ಬಂದಿರಲಿಲ್ಲ. ಹತ್ತು ನಿಮಿಷದಲ್ಲಿ ಆದೇಶ ಟೈಪಾಗಿ ಬಂತು. ರಾಜಗೋಪಾಲರು ಅದನ್ನು ಹಿಡಿದುಕೊಂಡು ಮೆಟ್ಟಿಲ ಮೇಲೆ ಕುಸಿದು ಕೂತರು. ಟಿಕೆಟ್ ಯಾವ ದಿನಕ್ಕೆ ಮಾಡಿಸಲಿ ಎಂದು ಕೇಳಿದರು. ಅಭ್ಯಾಸಬಲದಿಂದ ನಾನು ಆ ಕಾಗದ ಇಸಿದುಕೊಂಡು ಓದಿದೆ.

"ಸದರಿ ಅರ್ಜಿದಾರರು ರಾಜಮ್ಮ ಎಂಬ ಧರ್ಮಪತ್ನಿಯನ್ನು ಹೊಂದಿದ್ದು, ಆಕೆ ಜೀವಂತವಾಗಿರುವುದು ವಿಚಾರಣೆಯಲ್ಲಿ ಸಾಬೀತಾದ ಕಾರಣ, ಅರ್ಜಿಯನ್ನು ತಿರಸ್ಕರಿಸಲಾಗಿದೆ." ಕೆಳಗೆ ಸಹಿ, ತಾರೀಖು, ದುಂಡನೆಯ ದೊಡ್ಡ ಸೀಲು.

"ಸರ್, ಏಳಿ! ಇನ್ನೆಂತ ಬೇಕು ಮಾರಾಯ್ರೆ ನಿಮ್ಗೆ? ಯಲ್ಲಾ!" ಎಂದು ನಾನು ಬೀದಿಯಲ್ಲೇ ಕಿರುಚಿದೆ.

ಅಂಗಡಿಗೆ ಬಂದು ಅರಬ್ಬಿಗೆ ತಿರುಗಿಸಿದೆ. ಈ ಸಲವೂ ಒಂದಕ್ಷರ ಬಿಡಲಿಲ್ಲ. ಮುತ್ತಲಿಬ್ ಗಂಡನ ಹೆಸರಿನ ಮೇಲೆ ಬೆರಳಿಟ್ಟ, ಹೆಂಡತಿಯ ಹೆಸರಿನ ಮೇಲೆ ಇಟ್ಟ, ಪತ್ನಿ ಎಂಬ ಪದದ ಮೇಲೆ ಇಟ್ಟ, ಸೀಲನ್ನು ಬೆಳಕಿಗೆ ಹಿಡಿದ. "ಇಂಥದ್ದು ಮೊದಲೇ ತರಬಾರದಿತ್ತೇ ಭಾಯಿ?" ಎಂದು ಬೈದು ಕಂಪ್ಯೂಟರಿಗೆ ಏರಿಸಿದ. ತಿರಸ್ಕಾರದ ಆದೇಶ ವಿವಾಹ ಪತ್ರದ ಜಾಗದಲ್ಲಿ ಹೋಗಿ ಕೂತಿತು. ನಾಲ್ಕನೆಯ ದಿನ ಇಕಾಮಾ ಬಂತು.

ಆವತ್ತು ಇಬ್ಬರೂ ನನ್ನ ಅಂಗಡಿಗೆ ಸಿಹಿ ತಂದರು. ರಾಜಗೋಪಾಲರು ಬಹಳ ಖುಷಿಯಲ್ಲಿದ್ದರು.

"ಆ ಹಾಳು ಅಫಿಡವಿಟ್ಟು ಇದ್ಯಲ್ಲ, ಅದ್ರ ಜೆರಾಕ್ಸು ಈಗ್ಲಾದ್ರೂ ಕೊಡೇ, ಹರ್ದು ಬಿಸಾಕ್ತೀನಿ," ಎಂದು ಹೆಂಡತಿಯ ಚೀಲಕ್ಕೆ ಕೈ ಹಾಕಿದರು.

ರಾಜಮ್ಮ ಅವರಿಗಿಂತ ಮೊದಲೇ ಅದನ್ನು ಹೊರತೆಗೆದು ನಾಲ್ಕಾಗಿ ಮಡಚಿದರು.

"ಹೆಂಡ್ತಿ ಇಲ್ಲ ಅಂತ ಸಹಿ ಹಾಕೋಕೆ ನಿಮ್ಗೆ ಒಂದು ಗಳಿಗೆ ಸಾಕಾಯ್ತು. ಇದಾಳೆ ಅನ್ನೋಕೆ ಎಷ್ಟು ಹೊತ್ತು ಬೇಕಾಯ್ತು ಗೊತ್ತಾ? ಆ ರೂಮಿನ ಗೋಡೇಲಿ ಗಡಿಯಾರ ಇತ್ತು. ನಾನು ಅದನ್ನೇ ನೋಡ್ತಿದ್ದೆ."

ರಾಜಗೋಪಾಲರು ಹೆಂಡತಿಯ ಚೀಲವನ್ನು ತಾವೇ ಎತ್ತಿಕೊಂಡು ಕಾರಿನ ಕಡೆ ನಡೆದರು. ಚೀಲ ಅವರ ಕೈಯಲ್ಲಿತ್ತು, ಕಾಗದ ಆಕೆಯ ಕೈಯಲ್ಲೇ ಇತ್ತು.